ಫೈಲ್ ತೋರ್ಸೋದು ಹತ್ತ ಸಾಲು, ಪರ್ಮಿಷನ್ ತಗೊಳ್ಳೋದು ಎರಡ ದಿನಾ

ಕೇಳಿದ್ದು: ಆಂಡ್ರಾಯ್ಡ್ ಫೋನಿಗೆ ಒಂದು ಸಾದಾ ಫೈಲ್ ಬ್ರೌಸರ್ ಆ್ಯಪ್ ಮಾಡಾಕತ್ತೀನಿ, ಕಾಲೇಜ್ ಪ್ರಾಜೆಕ್ಟಿಗೆ. ಫೋಲ್ಡರ್ ಒತ್ತಿದ್ರ ಒಳಗ ಹೋಗ್ಬೇಕು, ಫೈಲ್ ಒತ್ತಿದ್ರ ಓಪನ್ ಆಗ್ಬೇಕು, ಅಷ್ಟ. ಜಾವಾ ಸ್ವಲ್ಪ ಬರ್ತೈತಿ. ಸ್ಟೋರೇಜ್ ಪರ್ಮಿಷನ್ನೂ ಕೊಟ್ಟೀನಿ. ಆದ್ರ ಫೋಟೋ ಎಲ್ಲಾ ಕಾಣ್ತಾವ, ಪಿಡಿಎಫ್ ಒಂದೂ ಕಾಣವಲ್ದು. ಎಲ್ಲಿ ತಪ್ಪೈತಿ?

ನಿಮ್ಮ ಕೋಡ್‌ನ್ಯಾಗ ತಪ್ಪ ಇಲ್ರಿ, ಇದ್ರ ಕೆಂಪ್ ಅಕ್ಷರದಾಗ ಏನರ ಬರ್ತಿತ್ತು. ಇದು ಆಂಡ್ರಾಯ್ಡ್‌ನವರು ಬೇಕಂತ ಮಾಡಿಟ್ಟಿದ್ದು. ನಾನೂ ಇದ ಜಾಗಾದಾಗ ಎರಡ ದಿನಾ ಸಿಕ್ಕೊಂಡಿದ್ನಿ, ಅದಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಆದ್ರ ಪರ್ಮಿಷನ್ ಭಾಗ ಅಷ್ಟ ಓದಿ ಬಿಡ್ರಿ.

ನಂದು ಧಾರವಾಡ ಸಪ್ತಾಪುರದಾಗ ಝೆರಾಕ್ಸ್ ಅಂಗಡಿ. ಓದಿದ್ದು ಬಿಸಿಎ, ಕೆಲಸ ಸಿಗೋತನಾ ಅಂತ ಅಂಗಡಿಯಾಗ ಕುಂತಾಂವ ಅಲ್ಲೇ ಉಳದ್ನಿ. ಈ ಏರಿಯಾ ಗೊತ್ತಿದ್ದವರಿಗೆ ಹೇಳೋದ ಬ್ಯಾಡ, ಎಲ್ಲಿ ನೋಡಿದಲ್ಲಿ ಕೋಚಿಂಗ್ ಕ್ಲಾಸು, ಪಿಜಿ, ಕೆಎಎಸ್ ಪಿಎಸ್ಐ ಎಫ್‌ಡಿಎ ಅಂತ ಓದಾಕ ಬಂದ ಹುಡುಗ್ರು. ನೋಟ್ಸು, ಹಾಲ್ ಟಿಕೆಟ್ಟು, ಆಧಾರ್ ಕಾರ್ಡು ಎಲ್ಲಾನೂ ಅಂಗಡಿ ಫೋನಿಗೆ ವಾಟ್ಸಾಪ್ ಮಾಡಿ ‘ಅಣ್ಣಾ ಕಳಸೀನಿ ನೋಡ್ರಿ, ಎರಡ ಕಾಪಿ’ ಅಂತ ನಿಂದರ್ತಾರ. ಒಂದೊಂದ್ ಫೈಲಿಗೆ ಹೆಸರ ಇರಂಗಿಲ್ಲ, ಡಿಓಸಿ ಅಂತ ಶುರುವಾಗಿ ತಾರೀಖು, ಆಮ್ಯಾಲ ಡಬ್ಲ್ಯೂಎ0007 ಅಂತ ಇರ್ತೈತಿ, ಇದರಾಗ ಯಾರದು ಯಾವ್ದು ಅಂತ ಹುಡುಕೋದು? ಫೋನಿನ ಜೋಡಿ ಬಂದಿದ್ದ ಫೈಲ್ ಮ್ಯಾನೇಜರ್ ಕ್ಲೀನರ್ ಅಂತೈತಿ, ಜಾಹೀರಾತ್ ತೋರಿಸ್ತೈತಿ, ಬೇಕಾದ್ದು ಒಂದ್ ಬಿಟ್ಟು ಎಲ್ಲಾ ಮಾಡ್ತೈತಿ. ನನಗ ಬೇಕಾಗಿದ್ದು ಇಷ್ಟ: ಹೊಸಾ ಫೈಲ್ ಮ್ಯಾಲ ಬರ್ಬೇಕು, ಒತ್ತಿದ್ರ ತಗೀಬೇಕು, ರಾತ್ರಿ ಅಂಗಡಿ ಮುಚ್ಚೋ ಮುಂದ ಮಂದಿ ಆಧಾರ್ ಎಲ್ಲಾ ಒಮ್ಮೆಲೆ ಡಿಲೀಟ್ ಮಾಡಾಕ ಬರ್ಬೇಕು. ಅದಕ ನಾನ ಒಂದ್ ಬರದ್ನಿ.

ಫೈಲ್ ತೋರ್ಸೋದು ಖರೇನ ಏನೂ ಇಲ್ಲ. ಎನ್ವಿರಾನ್‌ಮೆಂಟ್ ಡಾಟ್ ಗೆಟ್ ಎಕ್ಸ್‌ಟರ್ನಲ್ ಸ್ಟೋರೇಜ್ ಡೈರೆಕ್ಟರಿ ಕರದ್ರ ಫೋನಿನ ಬುಡದ ಫೋಲ್ಡರ್ ಸಿಗ್ತೈತಿ (ಆಂಡ್ರಾಯ್ಡ್ ಸ್ಟುಡಿಯೋ, ಅಂದ್ರ ನಾವು ಕೋಡ್ ಬರಿಯೋ ಸಾಫ್ಟ್‌ವೇರು, ಅದರ ಮ್ಯಾಲ ಗೆರಿ ಹೊಡದು ಹಳೇದು ಅಂತೈತಿ, ಹೆದರಬ್ಯಾಡ್ರಿ, ನಡೀತೈತಿ), ಅದರ ಮ್ಯಾಲ ಲಿಸ್ಟ್‌ಫೈಲ್ಸ್ ಕರದ್ರ ಒಳಗಿಂದೆಲ್ಲಾ ಬರ್ತೈತಿ, ಬಂದದ್ದನ್ನ ರಿಸೈಕ್ಲರ್‌ವ್ಯೂಗೆ (ಸ್ಕ್ರೀನ್ ಮ್ಯಾಲ ಪಟ್ಟಿ ತೋರಿಸೋ ಭಾಗ) ಹಾಕ್ರಿ, ಒತ್ತಿದ್ದು ಫೋಲ್ಡರ್ ಇದ್ರ ಮತ್ತ ಅದ ಫಂಕ್ಷನ್ ಕರೀರಿ. ಇಲ್ಲಿತನಾ ನೀವು ಬಂದೀರಿ ಅನಸ್ತೈತಿ.

ಈಗ ಪಿಡಿಎಫ್ ಕತಿ. ಆಂಡ್ರಾಯ್ಡ್ 6ರಿಂದ ಪಾಪ್-ಅಪ್ ತೋರಿಸಿ ಪರ್ಮಿಷನ್ ಕೇಳೋದು ಬಂತು, ಒಮ್ಮೆ ‘ಅಲೌ’ ಅಂದ್ರ ಇಡೀ ಸ್ಟೋರೇಜ್ ನಮ್ಮದು, ಟಾರ್ಚ್ ಆ್ಯಪ್ ಸೈತ ಮಂದಿ ಫೈಲ್ ಓದಬಹುದಿತ್ತು. ಅದನ್ನ ನಿಂದ್ರಸಾಕ 2019ರಾಗ ಆಂಡ್ರಾಯ್ಡ್ 10ರ ಜೋಡಿ ಸ್ಕೋಪ್ಡ್ ಸ್ಟೋರೇಜ್ (ಆ್ಯಪಿಗೆ ಇಡೀ ಸ್ಟೋರೇಜ್ ಬಿಡ್ದ ಇಷ್ಟ ಅಂತ ಬೇಲಿ ಹಾಕೋದು) ತಂದ್ರು, ಮುಂದಿನ ವರ್ಷ 11ರಾಗ ಬಿಗಿ ಮಾಡಿದ್ರು. ಈಗ ಹಳೇ ರೀಡ್ ಪರ್ಮಿಷನ್ ಕೊಟ್ರ ನಿಮಗ ಕಾಣೋದು ಫೋಟೋ, ವಿಡಿಯೋ, ಹಾಡು, ಮತ್ತ ನಿಮ್ಮ ಆ್ಯಪ್ ತಾನ ಮಾಡಿದ ಫೈಲು. ಪಿಡಿಎಫ್ ಅವರ ಲೆಕ್ಕದಾಗ ಮೀಡಿಯಾ ಅಲ್ಲ. ಎರರ್ ಕೊಡಂಗಿಲ್ಲ, ಕ್ರ್ಯಾಶ್ ಆಗಂಗಿಲ್ಲ, ಸುಮ್ನ ಪಟ್ಟಿಯಾಗಿಂದ ಅವನ್ನ ತಗದು ಉಳದದ್ದು ನಿಮ್ಮ ಕೈಯಾಗ ಕೊಡ್ತೈತಿ, ಇದ ನನಗ ಭಾಳ ಸಿಟ್ಟ ತರಿಸಿದ್ದು, ಇಲ್ಲ ಅಂದಿದ್ರ ಇಲ್ಲ ಅಂತ ತಿಳೀತಿತ್ತು, ಇದು ಅರ್ಧಾ ತೋರಿಸಿ ಇಷ್ಟ ಐತಿ ಅಂತೈತಿ. 13ರಾಗ ಆ ಹಳೇ ಪರ್ಮಿಷನ್ನೂ ಒಡದು ಫೋಟೋಕ್ಕ ಬ್ಯಾರೆ, ವಿಡಿಯೋಕ್ಕ ಬ್ಯಾರೆ, ಆಡಿಯೋಕ್ಕ ಬ್ಯಾರೆ ಮಾಡ್ಯಾರ.

ಫೈಲ್ ಬ್ರೌಸರ್‌ಗೆ ಬೇಕಾದ್ದು ಮ್ಯಾನೇಜ್ ಎಕ್ಸ್‌ಟರ್ನಲ್ ಸ್ಟೋರೇಜ್ ಅನ್ನೋ ಪರ್ಮಿಷನ್, ಸೆಟ್ಟಿಂಗ್ಸ್‌ನ್ಯಾಗ ಅದನ್ನ ‘ಆಲ್ ಫೈಲ್ಸ್ ಆ್ಯಕ್ಸೆಸ್’ ಅಂತ ತೋರಿಸ್ತಾರ. ಮ್ಯಾನಿಫೆಸ್ಟ್‌ನ್ಯಾಗ (ಆ್ಯಪಿಗೆ ಏನೇನ್ ಬೇಕು ಅಂತ ಬರದಿಡೋ ಫೈಲು) ಒಂದ್ ಸಾಲು ಹಾಕಿದ್ರ ಮುಗೀಲಿಲ್ಲ. ಇದಕ್ಕ ಪಾಪ್-ಅಪ್ ಬರಂಗಿಲ್ಲ, ನೀವ ಒಂದ್ ಇಂಟೆಂಟ್ (ಬ್ಯಾರೆ ಸ್ಕ್ರೀನ್ ಇಲ್ಲಾ ಆ್ಯಪ್ ತಗಿ ಅಂತ ಆಂಡ್ರಾಯ್ಡ್‌ಗೆ ಹೇಳೋ ಸಂದೇಶ) ಕಳಿಸಿ ಯೂಸರ್‌ನ ಸೆಟ್ಟಿಂಗ್ಸ್ ಪೇಜಿಗೆ ಕರ್ಕೊಂಡ್ ಹೋಗ್ಬೇಕು, ಅವರು ಅಲ್ಲಿ ಬಟನ್ ಸರಿಸಿ ಹಿಂದ ಬರ್ಬೇಕು. ಹಿಂದ ಬಂದಾಗ ಕೊಟ್ರೋ ಇಲ್ಲೋ ಅಂತ ನಿಮಗ ಯಾರೂ ಹೇಳಂಗಿಲ್ಲ, ಅದಕ ಆನ್‌ರಿಸ್ಯೂಮ್‌ನ್ಯಾಗ (ಸ್ಕ್ರೀನ್ ಮುಂದ ಬಂದಾಗೆಲ್ಲಾ ನಡಿಯೋ ಫಂಕ್ಷನ್) ಈಸ್ ಎಕ್ಸ್‌ಟರ್ನಲ್ ಸ್ಟೋರೇಜ್ ಮ್ಯಾನೇಜರ್ ಅಂತ ಕೇಳಿ ನೋಡ್ಕೊಂಡು ಆಮ್ಯಾಲ ಪಟ್ಟಿ ತುಂಬ್ರಿ. ನಾನು ಆನ್‌ಕ್ರಿಯೇಟ್‌ನ್ಯಾಗ (ಸ್ಕ್ರೀನ್ ಹುಟ್ಟಿದಾಗ ಒಮ್ಮೆ ಅಷ್ಟ ನಡಿಯೋದು) ಕೇಳಿದ್ನಿ, ಪರ್ಮಿಷನ್ ಕೊಟ್ಟ್ ಬಂದ್ರೂ ಖಾಲಿ ಸ್ಕ್ರೀನ್, ಆ್ಯಪ್ ಮುಚ್ಚಿ ತಗದ್ರ ಅಷ್ಟ ಕಾಣಾವು.

ಇದು 11 ಮತ್ತ ಅದರ ಮ್ಯಾಲಿನ ಫೋನಿಗೆ ಅಷ್ಟ. 10ಕ್ಕ ಬ್ಯಾರೆ ಒಂದ್ ಫ್ಲ್ಯಾಗ್, 9ಕ್ಕ ಹಳೇ ಪಾಪ್-ಅಪ್. ಕಾಲೇಜ್ ಪ್ರಾಜೆಕ್ಟ್ ಅಂತೀರಿ, ಹಂಗಿದ್ರ ಮಿನಿಮಮ್ ಎಸ್‌ಡಿಕೆ 30 (ಅಂದ್ರ ಆಂಡ್ರಾಯ್ಡ್ 11) ಅಂತ ಇಟ್ಟು ಕೈ ತೊಳಕೊಳ್ರಿ, ಹಳೇ ಫೋನಿನವರ ಚಿಂತಿ ಎಕ್ಸಾಮಿನರ್‌ಗೆ ಇಲ್ಲ. ಎಲ್ಲಾ ಪರ್ಮಿಷನ್ ಕೊಟ್ಟ ಮ್ಯಾಲೂ ಆಂಡ್ರಾಯ್ಡ್ ಫೋಲ್ಡರಿನ ಒಳಗಿನ ಡೇಟಾ, ಓಬಿಬಿ ಅನ್ನೋ ಫೋಲ್ಡರ್ (ಬ್ಯಾರೆ ಆ್ಯಪ್‌ಗಳ ಸ್ವಂತ ಫೈಲ್ ಇರೋವು) ಎರಡೂ ತಗಿಯಂಗಿಲ್ಲ, ಅದನ್ನ ನಿಮ್ಮ ಬಗ್ ಅಂತ ಹುಡುಕ್ಕೋತ ಕುಂದ್ರಬ್ಯಾಡ್ರಿ. ವಾಟ್ಸಾಪ್ ಫೈಲ್ ಮಾತ್ರ ಅದರ ಬಾಜೂಕ ಮೀಡಿಯಾ ಅನ್ನೋ ಫೋಲ್ಡರ್‌ನ್ಯಾಗ ಇರ್ತಾವ, ಅವು ಸಿಗ್ತಾವ.

ಪರ್ಮಿಷನ್ ಇಲ್ಲದ ಹಾದೀನೂ ಒಂದೈತಿ, ಯೂಸರ್ ಕೈಲೆ ಒಂದ್ ಫೋಲ್ಡರ್ ಆರಿಸಿ ಅದನ್ನಷ್ಟ ತೋರ್ಸೋದು, ಸ್ಟೋರೇಜ್ ಆ್ಯಕ್ಸೆಸ್ ಫ್ರೇಮ್‌ವರ್ಕ್ ಅಂತಾರ. ನಿಯತ್ತಿನ ಹಾದಿ ಇದ. ಆದ್ರ 11ರಿಂದ ಬುಡದ ಫೋಲ್ಡರು, ಡೌನ್‌ಲೋಡ್ ಫೋಲ್ಡರು ಎರಡನ್ನೂ ಆರಸಾಕ ಬಿಡಂಗಿಲ್ಲ, ಅವೆರಡೂ ಇಲ್ಲಂದ್ರ ಅದೆಂಥಾ ಫೈಲ್ ಬ್ರೌಸರ್ರೀ. ಮತ್ತ ಡಾಕ್ಯುಮೆಂಟ್‌ಫೈಲ್ ಅನ್ನೋ ಕ್ಲಾಸ್ ಒಂದೊಂದ್ ಫೈಲಿನ ಹೆಸರಿಗೂ ಬ್ಯಾರೆ ಬ್ಯಾರೆ ಕ್ವೆರಿ ಮಾಡ್ತೈತಿ, ನಮ್ಮ ಅಂಗಡಿ ಫೋಲ್ಡರ್‌ಗೆ ಹಚ್ಚಿ ನೋಡಿದ್ನಿ, ಚಾ ಕುಡದು ಕಪ್ ಕೊಟ್ಟ ಬಂದ್ರೂ ತಿರಗಾಕತ್ತಿತ್ತು.

ಲಿಸ್ಟ್‌ಫೈಲ್ಸ್ ಬಗ್ಗೆ ಇನ್ನೊಂದು. ಒಳಗ ಹೋಗಾಕ ಬಿಡದ ಫೋಲ್ಡರ್ ಇದ್ರ ಅದು ಖಾಲಿ ಪಟ್ಟಿ ಕೊಡಂಗಿಲ್ಲ, ನಲ್ (ಪಟ್ಟೀನ ಇಲ್ಲ ಅನ್ನೋದು) ಕೊಡ್ತೈತಿ. ಜಾವಾದಾಗ ನೋಡ್ದ ಲೂಪ್ ತಿರಗಿಸಿದ್ರಿ, ಆ್ಯಪ್ ಡಬ್ಬ್ ಬೀಳ್ತೈತಿ.

ಹೊಸಾದು ಮ್ಯಾಲ ಬರಾಕ ನಾನು ಸಾರ್ಟ್ ಮಾಡೋ ಮುಂದ ಎರಡ ಫೈಲಿನ ಲಾಸ್ಟ್ ಮಾಡಿಫೈಡ್ ಹೋಲಿಸಿದ್ನಿ, ಎಲ್ಲಾರೂ ಹಂಗ ಬರೀತಾರ. ಲೆಕ್ಕಾ ಹಾಕ್ರಿ, ಫೋಲ್ಡರ್‌ನ್ಯಾಗ 4000 ಫೈಲ್ ಇದ್ರ ಹೊಂದಸಾಕ ಸುಮಾರು ನಲವತ್ತ ಸಾವಿರ ಸಲ ಹೋಲಿಕಿ, ಒಂದೊಂದ್ ಹೋಲಿಕಿಗೂ ಎರಡ ಸಲ ಸ್ಟೋರೇಜಿಗೆ ಹೋಗಿ ಟೈಮ್ ಕೇಳೋದು. ಅದನ್ನ ಮೇನ್ ಥ್ರೆಡ್‌ನ್ಯಾಗ (ಸ್ಕ್ರೀನ್ ನಡಸೋ ಸಾಲು) ಮಾಡ್ಸಿ, ಐದ್ ಸೆಕೆಂಡ್ ಮುಟ್ಟಿದ್ದಕ್ಕ ಉತ್ತರ ಇಲ್ಲಂದ್ರ ಆಂಡ್ರಾಯ್ಡ್ ‘ಆ್ಯಪ್ ಉತ್ತರಾ ಕೊಡವಲ್ದು, ಮುಚ್ಚಲೇನು’ ಅಂತ ಕೇಳ್ತೈತಿ. ಇದಕ್ಕಿಂತ ಮಜಾ ಅಂದ್ರ, ಹೊಂದಸ್ಕೋತ ಇದ್ದಾಗ ನಡುವ ಒಂದ್ ಫೈಲ್ ಡೌನ್‌ಲೋಡ್ ಆಕ್ಕೋತ ಅದರ ಟೈಮ್ ಬದಲಾತಂದ್ರ, ಮೊದಲ ಸಣ್ಣದಿದ್ದದ್ದು ಈಗ ದೊಡ್ಡದು, ಸಾರ್ಟ್‌ಗೆ ತಲಿ ಕೆಟ್ಟು ನಿಮ್ಮ ಹೋಲಿಕಿ ನಿಯಮ ಮುರೀತೈತಿ ಅಂತ ಎಕ್ಸೆಪ್ಶನ್ ಒಗೀತೈತಿ. ವಾರಕ್ಕ ಒಮ್ಮೆ ಬೀಳ್ತಿತ್ತು, ಅದೂ ಗದ್ದಲ ಇದ್ದಾಗ ಅಷ್ಟ. ಹೆಸರು, ಸೈಜು, ಟೈಮು ಎಲ್ಲಾ ಒಂದ ಸಲ ಓದಿ ನಿಮ್ಮದ ಒಂದ್ ಸಣ್ಣ ಕ್ಲಾಸಿನ್ಯಾಗ ಇಟ್ಕೊಂಡು ಅದನ್ನ ಸಾರ್ಟ್ ಮಾಡ್ರಿ, ಬ್ಯಾಕ್‌ಗ್ರೌಂಡ್ ಥ್ರೆಡ್‌ನ್ಯಾಗ. ಜಾವಾ ಇದ್ರ ಎಕ್ಸಿಕ್ಯೂಟರ್ (ಹಿಂದ ಕೆಲಸಾ ಮಾಡಸೋ ಜಾವಾ ಸೌಲಭ್ಯ) ಸಾಕು, ಇದೊಂದಕ್ಕ ಕೋಟ್ಲಿನ್ ಭಾಷಾ ಕಲೀರಿ ಅಂತ ನಾ ಹೇಳಂಗಿಲ್ಲ.

ಇನ್ನ ಫೈಲ್ ಓಪನ್ ಮಾಡೋದು. ಪಾತ್ (ಫೈಲ್ ಇರೋ ಜಾಗಾದ ವಿಳಾಸ) ಹಂಗ ಕೊಟ್ಟು ಪಿಡಿಎಫ್ ಆ್ಯಪಿಗೆ ಕಳಿಸಿದ್ರ ಆಂಡ್ರಾಯ್ಡ್ 7ರಿಂದ ಫೈಲ್ ಯುಆರ್‌ಐ ಎಕ್ಸ್‌ಪೋಸ್ಡ್ ಅಂತ ಬಿದ್ದ್ ಬಿಡ್ತೈತಿ. ಫೈಲ್‌ಪ್ರೊವೈಡರ್ (ಬ್ಯಾರೆ ಆ್ಯಪಿಗೆ ಫೈಲ್ ಸುರಕ್ಷಿತ ಕೊಡೋ ಕ್ಲಾಸು) ಹಾಕ್ರಿ, ಅದು ಕೊಟ್ಟ ಕಂಟೆಂಟ್ ವಿಳಾಸಾ ಇಂಟೆಂಟ್‌ನ್ಯಾಗ ಇಡ್ರಿ, ಓದಾಕ ಅನುಮತಿ ಕೊಡೋ ಫ್ಲ್ಯಾಗ್ ಮರೀಬ್ಯಾಡ್ರಿ, ಮರತ್ರ ಆ ಕಡೆ ಆ್ಯಪ್ ತಗೀತೈತಿ ಆದ್ರ ಒಳಗ ಏನೂ ಇರಂಗಿಲ್ಲ.

ಇದೆಲ್ಲಾ ಮಾಡಿ ಆರಾಮ ನಡದಿತ್ತು. ಒಂದಿನ ಅಮ್ಮಿನಭಾವಿ ಕಡೆ ಕಾಕಾ ಒಬ್ರು ಬಂದ್ರು, ಮಗನ ಕಡಿಂದ ಹೊಲದ ಉತಾರ (ಪಹಣಿ) ವಾಟ್ಸಾಪ್ ಮಾಡ್ಸ್ಯಾರ, ಹುಡುಗ ಶಾಣ್ಯಾ, ಫೈಲಿಗೆ ಚಂದಂಗ ಕನ್ನಡದಾಗ ‘ಹೊಲದ ಉತಾರ’ ಅಂತ ಹೆಸರ ಇಟ್ಟಾನ. ಒತ್ತಿದ್ನಿ, ‘ಇದನ್ನ ತಗಿಯೋ ಆ್ಯಪ್ ಇಲ್ಲ’. ಅದರ ಮ್ಯಾಲಿನ ಪಿಡಿಎಫ್ ತಗೀತೈತಿ, ಕೆಳಗಿಂದೂ ತಗೀತೈತಿ, ಇದೊಂದ ಇಲ್ಲ. ಕಾಕಾ ನನ್ನ ಮಾರಿ ನೋಡಾಕತ್ತಾರ, ನಾ ಫೋನ್ ಮಾರಿ ನೋಡಾಕತ್ತೀನಿ. ಕಡೀಕ ವಾಟ್ಸಾಪ್‌ನ್ಯಾಗ ತಗದು ಪ್ರಿಂಟ್ ಕೊಟ್ಟ್ ಕಳಸಿದ್ನಿ.

ರಾತ್ರಿ ಕುಂತ್ ನೋಡಿದ್ರ, ಫೈಲ್ ಯಾವ ನಮೂನಿದು ಅಂತ ತಿಳ್ಕೊಳ್ಳಾಕ ನಾನು ಮೈಮ್‌ಟೈಪ್‌ಮ್ಯಾಪ್‌ನ ಗೆಟ್ ಫೈಲ್ ಎಕ್ಸ್‌ಟೆನ್ಷನ್ ಫ್ರಮ್ ಯುಆರ್‌ಎಲ್ ಅನ್ನೋ ಫಂಕ್ಷನ್ನಿಗೆ ಪಾತ್ ಹಂಗ ಕೊಟ್ಟಿದ್ನಿ. ಅದು ಹೆಸರಿನ್ಯಾಗ ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡ್ಡಗೆರಿ, ಕಂಸ ಇಂಥಾ ನಾಕಾರು ಅಷ್ಟ ಇದ್ರ ಕೆಲಸಾ ಮಾಡ್ತೈತಿ, ಬ್ಯಾರೆ ಒಂದ್ ಅಕ್ಷರಾ ಕಂಡ್ರ ಸುಮ್ನ ಖಾಲಿ ಕೊಡ್ತೈತಿ. ಕನ್ನಡ ಅಷ್ಟ ಅಲ್ಲ, ಇಂಗ್ಲಿಷ್ ಹೆಸರಿನ ನಡುವ ಒಂದ್ ಸ್ಪೇಸ್ ಬಂದ್ರೂ ಅದ ಹಣೇಬರ. ಹೆಸರ ಹೇಳ್ತೈತಲ್ಲ ಯುಆರ್‌ಎಲ್‌ಗೆ ಅಂತ, ತಪ್ಪ ನಂದ. ಈಗ ಕಡೇ ಚುಕ್ಕಿ ಎಲ್ಲೈತಿ ನೋಡಿ ಅದರ ಮುಂದಿಂದು ನಾನ ಕತ್ತರಸ್ತೀನಿ, ಸಣ್ಣ ಅಕ್ಷರಕ್ಕ ಇಳಸ್ತೀನಿ (ಸ್ಕ್ಯಾನರ್ ಒಂದೊಂದು ದೊಡ್ಡ ಅಕ್ಷರದಾಗ ಪಿಡಿಎಫ್ ಅಂತ ಹಾಕ್ತಾವ), ಆಮ್ಯಾಲ ಕೇಳ್ತೀನಿ. ನೀವು ಟೆಸ್ಟ್ ಮಾಡೋ ಮುಂದ ಕನ್ನಡ ಹೆಸರಿನ ಫೈಲ್ ಒಂದರ ಇಟ್ಕೊಳ್ರಿ.

ರೀನೇಮ್ ಹಾಕೋರಿದ್ರ ಇನ್ನೊಂದ್ ಗೊತ್ತಿರ್ಲಿ, ಫೋನಿನ ಸ್ಟೋರೇಜಿನ್ಯಾಗ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದೊಂದ್ ಯೂನಿಕೋಡ್ ಚಿಹ್ನೆಕ್ಕ 3 ಬೈಟ್. ‘ಕ್ಷಿ’ ಅಂತ ಬರದ್ರ ಕಣ್ಣಿಗೆ ಒಂದ್ ಅಕ್ಷರ, ಒಳಗ ನಾಕ ಚಿಹ್ನೆ, 12 ಬೈಟ್ ಹೋತು. ಉದ್ದ ಹೆಸರ ಕೊಟ್ರ ರೀನೇಮ್ ಬರೇ ಫಾಲ್ಸ್ ಅಂತೈತಿ, ಕಾರಣಾ ಹೇಳಂಗಿಲ್ಲ. ಫೋನಿಂದ ಮೆಮೊರಿ ಕಾರ್ಡಿಗೆ ಮೂವ್ ಮಾಡಾಕ ಅದನ್ನ ಬಳಸಿದ್ರೂ ಫಾಲ್ಸ, ಅಲ್ಲಿ ಕಾಪಿ ಮಾಡಿ, ಪೂರ್ತಿ ಹೋತು ಅಂತ ಖಾತ್ರಿ ಮಾಡ್ಕೊಂಡು ಹಳೇದು ಅಳಸ್ಬೇಕು.

ಡಿಲೀಟ್ ಬಗ್ಗೆ ಹೇಳಲೇಬೇಕು, ಇದರಾಗ ನನ್ನ ಮಾನ ಹೋಗೈತಿ. ಫೈಲ್ ಒತ್ತಿ ಹಿಡದ್ರ ‘ಅಳಸ್ಲೇನು?’ ಅಂತ ಡೈಲಾಗ್ ಬರೋಹಂಗ ಮಾಡಿದ್ನಿ, ಹೂಂ ಅಂದ್ರ ಪಟ್ಟಿಯಾಗ ಆ ನಂಬರಿನ ಫೈಲ್ ಅಳಸೋದು. ಹೊಸಾ ಫೈಲ್ ಬಂದ ಕೂಡ್ಲೆ ಪಟ್ಟಿ ತಾನ ರಿಫ್ರೆಶ್ ಆಗೋಹಂಗೂ ಮಾಡಿದ್ನಿ. ಎರಡೂ ಬ್ಯಾರೆ ಬ್ಯಾರೆ ಚಲೋನ ಅದಾವ. ಒಂದಿನ ಮೂರನೇದರ ಮ್ಯಾಲ ಡೈಲಾಗ್ ತಗದೀನಿ, ಅಷ್ಟರಾಗ ಯಾರೋ ಒಂದ್ ಫೈಲ್ ಕಳಿಸಿದ್ರು, ಅದು ಮ್ಯಾಲ ಕುಂತು ಎಲ್ಲಾ ಒಂದೊಂದ್ ಮನಿ ಕೆಳಗ ಸರದ್ವು, ನಾ ಹೂಂ ಅಂದ್ನಿ, ಹೋಗಿದ್ದು ಇನ್ನೂ ಪ್ರಿಂಟ್ ಆಗದ ಒಂದ್ ಹುಡುಗಿ ಹಾಲ್ ಟಿಕೆಟ್ಟು. ಆಕಿ ಎದುರಿಗೇ ನಿಂತಾಳ. ‘ಇನ್ನೊಮ್ಮೆ ಕಳಸ್ರೀ ಅವ್ವಾರ’ ಅಂದ್ನಿ, ಕಳಸಿದ್ಲು ಪಾಪ. ನಾವು ಫೈಲ್ ಹಿಂಗ ಅಳಸಿದ್ರ ರೀಸೈಕಲ್ ಬಿನ್ ಇಲ್ಲ ಏನಿಲ್ಲ, ಹೋತಂದ್ರ ಹೋತು. ಡೈಲಾಗ್ ತಗಿಯೋ ಮುಂದನ ಪೂರ್ತಿ ಪಾತ್ ಹಿಡಕೊಳ್ರಿ, ನಂಬರ್ ನಂಬಬ್ಯಾಡ್ರಿ, ಮತ್ತ ಡೈಲಾಗಿನ್ಯಾಗ ಫೈಲ್ ಹೆಸರ ಬರೀರಿ. ನಾನು ಈಗ ಅಳಸೋದು ಬಿಟ್ಟು ‘ಕಸ’ ಅನ್ನೋ ಫೋಲ್ಡರಿಗೆ ಸರಸಿ, ರಾತ್ರಿ ಮುಚ್ಚೋ ಮುಂದ ಅದನ್ನ ಖಾಲಿ ಮಾಡ್ತೀನಿ.

ಫೋಟೋದ ಸಣ್ಣ ಚಿತ್ರ ತೋರ್ಸೋದಿದ್ರ ನೀವ ಬಿಟ್‌ಮ್ಯಾಪ್ ತಗೀಬ್ಯಾಡ್ರಿ, 4000 ಗುಣಲೆ 3000 ಪಿಕ್ಸೆಲ್ ಫೋಟೋ ಬಿಚ್ಚಿದ್ರ 48 ಎಂಬಿ ಮೆಮೊರಿ ತಿಂತೈತಿ, ಗ್ಲೈಡ್ ಅನ್ನೋ ಲೈಬ್ರರಿ ಹಾಕಿ ಬಿಡ್ರಿ.

ಪ್ಲೇ ಸ್ಟೋರ್ ವಿಚಾರ ಈಗ ಬ್ಯಾಡ ಅಂತೀನಿ. 25 ಡಾಲರ್ ಫೀ, ಹೊಸಾ ಪರ್ಸನಲ್ ಅಕೌಂಟ್ ಇದ್ರ 12 ಮಂದಿ ಕಡೆ 14 ದಿನಾ ಟೆಸ್ಟ್ ಮಾಡಸ್ಬೇಕು, ಆಲ್ ಫೈಲ್ಸ್ ಆ್ಯಕ್ಸೆಸ್ ಯಾಕ ಬೇಕು ಅಂತ ಫಾರ್ಮ್ ತುಂಬ್ಬೇಕು. ಫೈಲ್ ಮ್ಯಾನೇಜರ್‌ಗೆ ಅದನ್ನ ಕೊಡ್ತಾರ, ಆದ್ರ ಪ್ರಾಜೆಕ್ಟ್‌ಗೆ ಎಪಿಕೆ (ಆ್ಯಪಿನ ಇನ್‌ಸ್ಟಾಲ್ ಫೈಲು) ತೋರಿಸಿದ್ರ ಸಾಕು.

ಸದ್ಯಕ್ಕ ಮ್ಯಾನಿಫೆಸ್ಟ್ ಸಾಲು ಹಾಕಿ, ಸೆಟ್ಟಿಂಗ್ಸಿಗೆ ಕಳಸೋ ಇಂಟೆಂಟ್ ಬರದು, ಫೋನಿನ್ಯಾಗ ಬಟನ್ ಸರಿಸಿ ನೋಡ್ರಿ, ಪಿಡಿಎಫ್ ಕಾಣ್ತಾವ. ಕಾಣಲಿಲ್ಲಂದ್ರ ನಿಮ್ಮ ಮ್ಯಾನಿಫೆಸ್ಟ್ ಮತ್ತ ಆನ್‌ರಿಸ್ಯೂಮ್ ಎರಡರದೂ ಸ್ಕ್ರೀನ್‌ಶಾಟ್ ಹಾಕ್ರಿ, ಫೋನಿನ ಆಂಡ್ರಾಯ್ಡ್ ಎಷ್ಟನೇದು ಅಂತಾನೂ ಬರೀರಿ. ಹಗಲೆಲ್ಲಾ ಗಿರಾಕಿ ಇರ್ತಾರ, ರಾತ್ರಿ ಒಂಬತ್ತರ ಮ್ಯಾಲ ನೋಡಿ ಹೇಳ್ತೀನಿ.