‘ಭಾಗ 1, ಭಾಗ 2’ ಎಂದರೆ ಸಾಕೇ? ಸ್ವಂತ ಪ್ರಕಟಣೆಯ ಪುಸ್ತಕಮಾಲೆಗೆ ಹೆಸರಿಡುವ ಬಗೆ

ಪ್ರಶ್ನೆ: ನಾನು ತೋಟಗಾರಿಕೆ ಇಲಾಖೆಯಿಂದ ನಿವೃತ್ತನಾಗಿ ಶಿರಸಿಯಲ್ಲಿ ನೆಲೆಸಿದ್ದೇನೆ. ಅಡಿಕೆ, ಕಾಳುಮೆಣಸು ಮತ್ತು ಉಪಬೆಳೆಗಳ ಕುರಿತು ನಾನು ಬರೆದದ್ದೆಲ್ಲ ಡಿಟಿಪಿ ಮಾಡಿಸಿದಾಗ ಎ4 ಅಳತೆಯ 400 ಪುಟಗಳಾಗಿವೆ. ಒಂದೇ ದಪ್ಪ ಪುಸ್ತಕವಾದರೆ ರೈತರು ಕೊಳ್ಳಲಾರರೆಂದು ಸ್ವಂತ ಖರ್ಚಿನಲ್ಲಿ ನಾಲ್ಕು ಪುಸ್ತಕಗಳಾಗಿ ತರಬೇಕೆಂದಿದ್ದೇನೆ. ‘ಹಸಿರು ಹೊನ್ನು’ ಎಂಬ ಹೆಸರಿನಡಿ ಭಾಗ 1 ಮಣ್ಣು–ನೀರು, ಭಾಗ 2 ನಾಟಿ–ಗೊಬ್ಬರ, ಭಾಗ 3 ರೋಗ–ಕೀಟ, ಭಾಗ 4 ಕೊಯ್ಲು–ಸಂಸ್ಕರಣೆ ಎಂದು ವಿಂಗಡಿಸಿದರೆ ಸರಿಯೇ? ಎಲ್ಲಕ್ಕೂ ಸೇರಿ ಒಂದೇ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಸಾಕೇ?

ಉತ್ತರ: ಮಾನ್ಯರೇ, ನಾಲ್ಕು ಪುಸ್ತಕಗಳಾಗಿ ಒಡೆಯುವ ನಿಮ್ಮ ಯೋಚನೆ ಸರಿಯಾಗಿದೆ; ಆದರೆ ಒಡೆದಿರುವ ಜಾಗ ಸರಿಯಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಮಣ್ಣಿನಿಂದ ತೊಡಗಿ ಸಂಸ್ಕರಣೆಯಲ್ಲಿ ಮುಗಿಯುವ ಕ್ರಮ ಪಾಠ ಹೇಳುವವರಿಗೆ ಸಹಜವಾದದ್ದು. ಮೆಣಸಿನ ಬಳ್ಳಿ ಸೊರಗುತ್ತಿದೆಯೆಂದು ಮಳೆಗಾಲದ ನಡುವೆ ಪುಸ್ತಕ ಹುಡುಕುವ ರೈತರಿಗೆ ಈ ಕ್ರಮದಲ್ಲಿ ಮೂರನೆಯ ಭಾಗ ಬೇಕಾಗುತ್ತದೆ. ಅದರೊಳಗೆ ಅವರಿಗೆ ಬೇಡದ ಅಡಿಕೆಯ ರೋಗಗಳೇ ಹೆಚ್ಚಿರುತ್ತವೆ. ಬಳ್ಳಿಯ ಬುಡದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳುವ ಮಾತು ಮೊದಲನೆಯ ಭಾಗದಲ್ಲಿ ಉಳಿದುಬಿಡುತ್ತದೆ. ಒಬ್ಬರ ಒಂದು ಅಗತ್ಯಕ್ಕೆ ಒಂದು ಪುಸ್ತಕ ಪೂರ್ತಿ ಒದಗಬೇಕೆಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಬೆಳೆವಾರು ವಿಂಗಡಿಸಿರಿ. ಮೊದಲನೆಯದು ಅಡಿಕೆಯ ಬೇಸಾಯ, ಸಸಿಮಡಿಯಿಂದ ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ಮತ್ತು ಕೆಂಪಡಿಕೆಯ ಸಂಸ್ಕರಣೆಯವರೆಗೆ; ಎರಡನೆಯದು ಅಡಿಕೆಯ ರೋಗಗಳು; ಮೂರನೆಯದು ಕಾಳುಮೆಣಸು; ನಾಲ್ಕನೆಯದು ಏಲಕ್ಕಿ, ಜಾಯಿಕಾಯಿ, ಕೋಕೋ ಮುಂತಾದ ಉಪಬೆಳೆಗಳು.

ಅಡಿಕೆಯ ರೋಗಗಳನ್ನು ಬೇಸಾಯದಿಂದ ಬೇರ್ಪಡಿಸಲು ಹೇಳುವುದಕ್ಕೆ ಕಾರಣವಿದೆ. ಸಸಿಯ ಅಂತರ, ಬಸಿಗಾಲುವೆಯ ಆಳ ಇಂಥ ವಿಷಯಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದಿಲ್ಲ. ರೋಗಗಳ ವಿಷಯ ಹಾಗಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಮಲೆನಾಡಿನ ತೋಟಗಳಲ್ಲಿ ಹಬ್ಬಿದ ಮೇಲೆ ಅದರ ಹತೋಟಿಯ ಶಿಫಾರಸುಗಳು ಪರಿಷ್ಕರಣೆಗೊಳ್ಳುತ್ತಲೇ ಇವೆ. ಬೇಗ ಹಳೆಯದಾಗುವ ವಿಷಯ ಪ್ರತ್ಯೇಕ ಪುಸ್ತಕದಲ್ಲಿದ್ದರೆ ಅದೊಂದನ್ನೇ ಪರಿಷ್ಕರಿಸಿ ಅಚ್ಚು ಹಾಕಿಸಬಹುದು, ಉಳಿದ ಮೂರರ ಪ್ರತಿಗಳು ವ್ಯರ್ಥವಾಗುವುದಿಲ್ಲ. ಸ್ವಂತ ಹಣ ಹಾಕುವ ಲೇಖಕರಿಗೆ ಇದು ಬಹಳ ಮುಖ್ಯ.

ಹೀಗೆ ಒಡೆದಾಗ ಕೆಲವು ಸಂಗತಿಗಳು ಎರಡು ಕಡೆ ಬರುತ್ತವೆ. ಶೇ 1ರ ಬೋರ್ಡೋ ದ್ರಾವಣವನ್ನೇ ನೋಡಿರಿ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಇದು ಅಡಿಕೆಯ ಕೊಳೆರೋಗಕ್ಕೂ ಬೇಕು, ಮೆಣಸಿನ ಸೊರಗು ರೋಗಕ್ಕೂ ಬೇಕು. ‘ವಿವರಗಳಿಗೆ ಎರಡನೆಯ ಪುಸ್ತಕ ನೋಡಿ’ ಎಂದು ಬರೆದು ಕೈಬಿಡಬೇಡಿ. ತಯಾರಿಸುವ ವಿಧಾನ ಹೆಚ್ಚೆಂದರೆ ಅರ್ಧ ಪುಟವಾದೀತು, ಎರಡರಲ್ಲೂ ಪೂರ್ತಿ ಅಚ್ಚಾಗಲಿ. ನಾಲ್ಕೂ ಪುಸ್ತಕಗಳು ಸಮ ದಪ್ಪ ಇರಬೇಕೆಂಬ ನಿಯಮವಿಲ್ಲ. ಪುಸ್ತಕಗಳಿಗೆ ಸಾಮಾನ್ಯವಾಗಿ ಬಳಸುವ 1/8 ಡೆಮಿ ಅಳತೆಯಲ್ಲಿ ಒಂದು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಿಸುವ ಪುಟಗಳ ಕಟ್ಟು) ಎಂದರೆ 16 ಪುಟ. ಆ ಲೆಕ್ಕಕ್ಕೆ ಹೊಂದುವಂತೆ ಒಂದು 208 ಪುಟವಾಗಿ ಇನ್ನೊಂದು 112ಕ್ಕೇ ಮುಗಿದರೂ ತೊಂದರೆಯಿಲ್ಲ.

ಇನ್ನು ಹೆಸರಿನ ವಿಷಯ. ‘ಹಸುರು ಹೊನ್ನು’ ಬಿ.ಜಿ.ಎಲ್. ಸ್ವಾಮಿಯವರ ಪ್ರಸಿದ್ಧ ಕೃತಿ. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಶೀರ್ಷಿಕೆಯೊಂದಕ್ಕೇ ಕೃತಿಸ್ವಾಮ್ಯದ ರಕ್ಷಣೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಆ ಕಾನೂನು ನಿಮಗೆ ಅಡ್ಡಿಯಾಗದಿರಬಹುದು. ಆದರೂ ಒಂದಕ್ಷರದ ವ್ಯತ್ಯಾಸದಲ್ಲಿ ಅದೇ ಹೆಸರನ್ನು, ಅದೂ ಸಸ್ಯಗಳಿಗೇ ಸಂಬಂಧಿಸಿದ ಪುಸ್ತಕಕ್ಕೆ ಇಡುವುದು ಉಚಿತವಲ್ಲ. ಹುಡುಕಿದವರಿಗೆಲ್ಲ ಸ್ವಾಮಿಯವರ ಪುಸ್ತಕವೇ ಮೊದಲು ಸಿಗುತ್ತದೆ. ಯಾವ ಹೆಸರನ್ನೇ ಆರಿಸಿದರೂ ಗ್ರಂಥಾಲಯಗಳ ಸೂಚಿಯಲ್ಲಿ ಮತ್ತು ಪುಸ್ತಕ ಮಾರಾಟದ ತಾಣಗಳಲ್ಲಿ ಒಮ್ಮೆ ಹುಡುಕಿ ನೋಡಿಯೇ ನಿರ್ಧರಿಸಿರಿ.

ಮಾಲೆಯ ಹೆಸರು ಮತ್ತು ಪುಸ್ತಕದ ಹೆಸರು ಎರಡೂ ಬೇರೆ ಬೇರೆ ಕೆಲಸ ಮಾಡಬೇಕು. ಪುಸ್ತಕದ ಹೆಸರು ಒಳಗೇನಿದೆ ಎಂಬುದನ್ನು ನೇರವಾಗಿ ತಿಳಿಸಲಿ: ‘ಅಡಿಕೆಯ ರೋಗಗಳು: ಗುರುತಿಸುವುದು, ತಡೆಯುವುದು’, ‘ಅಡಿಕೆ ತೋಟದಲ್ಲಿ ಕಾಳುಮೆಣಸು’ ಎಂಬಂತೆ. ಮಾಲೆಯ ಹೆಸರು ‘ಮಲೆನಾಡ ತೋಟ ಮಾಲೆ’ ಎಂಬಂತೆ ಚಿಕ್ಕದಾಗಿದ್ದು, ಮುಂದೆ ನೀವು ಜೇನುಸಾಕಣೆಯ ಬಗ್ಗೆ ಬರೆದರೂ ಅದನ್ನು ಒಳಗೊಳ್ಳುವಷ್ಟು ವಿಶಾಲವಾಗಿರಲಿ. ಧಾರವಾಡದಲ್ಲಿ 1933ರಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆಯನ್ನು ನೆನೆಯಿರಿ. ಆ ಹೆಸರು ಯಾವ ವಿಷಯಕ್ಕೂ ಕಟ್ಟುಬಿದ್ದಿಲ್ಲವಾದ್ದರಿಂದ ಬಗೆಬಗೆಯ ಪುಸ್ತಕಗಳು ಅದರಡಿ ಬರಲು ಸಾಧ್ಯವಾಯಿತು. ಮಾಲೆಯ ಹೆಸರನ್ನು ಶೀರ್ಷಿಕೆಯ ಮೊದಲಿಗೆ ತರಬೇಡಿ. ಮೊಬೈಲಿನ ಪರದೆಯಲ್ಲಿ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ನಾಲ್ಕೂ ಪುಸ್ತಕಗಳು ಒಂದೇ ಎಂಬಂತೆ ತೋರುತ್ತವೆ.

‘ಭಾಗ’ ಎಂಬುದನ್ನೂ ಬಿಡಿರಿ. ಭಾಗ 3 ಎಂದು ಮುಖಪುಟದ ಮೇಲಿದ್ದರೆ, ಹಿಂದಿನ ಎರಡನ್ನು ಓದದೆ ಇದು ಅರ್ಥವಾಗದೆಂದು ತಿಳಿದು ಜನ ಅಂಗಡಿಯಲ್ಲೇ ಇಟ್ಟುಹೋಗುತ್ತಾರೆ. ಕ್ರಮಸಂಖ್ಯೆಯನ್ನು ಬೆನ್ನುಪಟ್ಟಿಯ ಕೆಳತುದಿಯಲ್ಲಿ ‘ಮಾಲೆ 3’ ಎಂದು ಸಣ್ಣದಾಗಿ ಹಾಕಿಸಿದರೆ ಸಾಕು, ಸಂಗ್ರಹಿಸುವವರಿಗೆ ಅದು ಕಾಣುತ್ತದೆ. ಬೆನ್ನಿನ ದಪ್ಪ ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುವುದರಿಂದ ಆ ಸಂಖ್ಯೆಯ ಎತ್ತರವನ್ನು ಕೆಳ ಅಂಚಿನಿಂದ ಅಳೆದು ನಾಲ್ಕಕ್ಕೂ ಒಂದೇ ಆಗಿರುವಂತೆ ಮುಖಪುಟ ವಿನ್ಯಾಸಕರಿಗೆ ಮೊದಲೇ ತಿಳಿಸಿರಿ.

ಐಎಸ್‌ಬಿಎನ್ ಒಂದೇ ಸಾಲದು. ಬಿಡಿಯಾಗಿ ಮಾರುವ ಪ್ರತಿಯೊಂದು ಪುಸ್ತಕಕ್ಕೂ ಪ್ರತ್ಯೇಕ ಸಂಖ್ಯೆ ಬೇಕು. ನಾಲ್ಕನ್ನೂ ಒಂದು ಸೆಟ್ ಆಗಿ ಮಾರುವುದಾದರೆ ಸೆಟ್ಟಿಗೆ ಇನ್ನೊಂದು, ಇ-ಪುಸ್ತಕ ತಂದರೆ ಅದಕ್ಕೆ ಮತ್ತೊಂದು. ಭಾರತದಲ್ಲಿ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಸಂಸ್ಥೆ ಇದನ್ನು ಉಚಿತವಾಗಿ ಕೊಡುತ್ತದೆ. ಲೇಖಕರೇ ಪ್ರಕಾಶಕರಾಗಿಯೂ ಅರ್ಜಿ ಹಾಕಬಹುದು. ಬದಲಾವಣೆಯಿಲ್ಲದ ಮರುಮುದ್ರಣಕ್ಕೆ ಹಳೆಯ ಸಂಖ್ಯೆಯೇ ನಡೆಯುತ್ತದೆ, ಪರಿಷ್ಕೃತ ಆವೃತ್ತಿಗೆ ಹೊಸದು ಬೇಕು. ಅರ್ಜಿಯಲ್ಲಿ, ಹಕ್ಕುಪುಟದಲ್ಲಿ (ಕೃತಿಸ್ವಾಮ್ಯ, ಮುದ್ರಣದ ವಿವರಗಳಿರುವ ಪುಟ) ಮತ್ತು ಮಾರಾಟದ ತಾಣದಲ್ಲಿ ಮಾಲೆಯ ಹೆಸರು ಅಕ್ಷರಶಃ ಒಂದೇ ಆಗಿರಲಿ. ರೋಮನ್ ಲಿಪಿಯಲ್ಲಿ ಬರೆಯಬೇಕಾದಾಗಲೂ ಒಂದೇ ಕಾಗುಣಿತಕ್ಕೆ ಅಂಟಿಕೊಳ್ಳಿರಿ. ಡಿಟಿಪಿಯವರು ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸ ಬಳಸಿದ್ದರೆ ಶೀರ್ಷಿಕೆ ಮತ್ತು ಪರಿಚಯದ ಸಾಲುಗಳನ್ನಾದರೂ ಯೂನಿಕೋಡ್‌ನಲ್ಲಿ ಮರಳಿ ಟೈಪ್ ಮಾಡಿಸಿರಿ, ಇಲ್ಲವಾದರೆ ಹುಡುಕಾಟದಲ್ಲಿ ಪುಸ್ತಕ ಸಿಗುವುದೇ ಇಲ್ಲ. ಉಪಶೀರ್ಷಿಕೆಯಲ್ಲಿ ‘ಅಡಿಕೆ’ ಎಂದಿದ್ದರೂ ಪರಿಚಯದಲ್ಲಿ ಒಮ್ಮೆ ‘ಅಡಕೆ’ ಎಂದೂ ಬರಲಿ. ಎರಡು ರೂಪಗಳಲ್ಲೂ ಹುಡುಕುವವರಿದ್ದಾರೆ.

ಪ್ರಕಟಣೆಯ ವರ್ಷ ಮತ್ತು ‘ಪ್ರಥಮ ಮುದ್ರಣ’ ಎಂಬುದು ಪ್ರತಿ ಪುಸ್ತಕದ ಹಕ್ಕುಪುಟದಲ್ಲಿ ಸ್ಪಷ್ಟವಾಗಿರಬೇಕು, ಏಕೆಂದರೆ ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪುಸ್ತಕಗಳನ್ನು ಪ್ರಕಟಣೆಯ ಸಾಲಿಗೆ ಅನುಗುಣವಾಗಿ ಕರೆಯಲಾಗುತ್ತದೆ. ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ ಕುರಿತ 1954ರ ಕೇಂದ್ರ ಕಾಯಿದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಪ್ರತಿ ಕಳಿಸಬೇಕು.

ಮೊದಲ ಪುಸ್ತಕದ ಹಿಂಬದಿಯಲ್ಲಿ ಮುಂಬರುವ ಮೂರರ ಹೆಸರುಗಳನ್ನು ಅಚ್ಚು ಹಾಕಿಸುವ ಆಸೆ ಸಹಜ. ಹಸ್ತಪ್ರತಿ ಪೂರ್ತಿ ಸಿದ್ಧವಾಗಿರುವ ಪುಸ್ತಕದ ಹೆಸರನ್ನು ಮಾತ್ರ ಹಾಕಿಸಿರಿ, ಉಳಿದವನ್ನು ಆಯಾ ಮರುಮುದ್ರಣದ ವೇಳೆ ಸೇರಿಸಬಹುದು.