ಹೂವಿದೆ, ಕಾಯಿಲ್ಲ: ಟೊಮೆಟೊ ಬೆಳೆಯುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಟೊಮೆಟೊದ್ದೇ ಜಾಸ್ತಿ. ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಹೆಚ್ಚಿನ ಪತ್ರಗಳು ‘ಏನು ಹಾಕಬೇಕು?’ ಎಂದು ಮುಗಿಯುತ್ತವೆ. ಯಾವ ಗೊಬ್ಬರ, ಯಾವ ಎಣ್ಣೆ, ಯಾವ ಪುಡಿ. ಕುಂಡ ಎಷ್ಟು ದೊಡ್ಡದು, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ನೀರು ಯಾವಾಗ ಹಾಕುತ್ತೀರಿ ಅನ್ನುವುದನ್ನು ಬರೆದವರು ಕಡಿಮೆ. ದಯವಿಟ್ಟು ಅದನ್ನೂ ಬರೆಯಿರಿ. ಉತ್ತರ ಬಹುಪಾಲು ಅಲ್ಲೇ ಇರುತ್ತದೆ.

ಪ್ರಶ್ನೆ: ಬಾಲ್ಕನಿಯಲ್ಲಿ ನಾಲ್ಕು ಕುಂಡ ಇಟ್ಟಿದ್ದೇನೆ. ಗಿಡ ಕಡು ಹಸಿರಾಗಿ ಸೊಂಪಾಗಿದೆ. ಹೂವೂ ಬಿಡುತ್ತದೆ. ಆದರೆ ಎಲ್ಲ ತೊಟ್ಟಿನ ಗಂಟಿನಿಂದಲೇ ಉದುರಿಹೋಗುತ್ತದೆ. ಒಂದು ಕಾಯಿಯೂ ಕಚ್ಚಿಲ್ಲ. ಇನ್ನೂ ಗೊಬ್ಬರ ಬೇಕೇ?

ಉತ್ತರ: ಬೇಡ. ‘ಕಡು ಹಸಿರು, ಸೊಂಪು’ ಎಂದಿದ್ದೀರಲ್ಲ, ಗೊಬ್ಬರ ಈಗಾಗಲೇ ಹೆಚ್ಚಾಗಿರುವ ಲಕ್ಷಣ ಅದು. ಸಾರಜನಕ ಜಾಸ್ತಿ ಸಿಕ್ಕರೆ ಟೊಮೆಟೊ ಎಲೆ ಬೆಳೆಸುತ್ತಾ ಹೋಗುತ್ತದೆ, ಕಾಯಿಯ ಕಡೆ ಗಮನ ಕೊಡುವುದಿಲ್ಲ. ಒಂದು ತಿಂಗಳು ಗೊಬ್ಬರ ನಿಲ್ಲಿಸಿ.

ಎರಡನೆಯದು ಸೆಖೆ. ಹಗಲಿನ ಉಷ್ಣಾಂಶ ಸುಮಾರು 33-35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿಯೂ 22-24ಕ್ಕಿಂತ ಕೆಳಗೆ ಇಳಿಯದಿದ್ದರೆ ಹೂವಿನ ಪರಾಗ ಕೆಡುತ್ತದೆ. ರಾತ್ರಿ ತೀರಾ ತಣ್ಣಗೆ, 13 ಡಿಗ್ರಿಗಿಂತ ಕೆಳಗೆ ಹೋದರೂ ಇದೇ ಕಥೆ. ಕಾಯಿ ಕಟ್ಟಲಾಗದ ಹೂವನ್ನು ಗಿಡ ತಾನೇ ಕಳಚಿ ಹಾಕುತ್ತದೆ. ಆ ಗಂಟು ಇರುವುದೇ ಅದಕ್ಕೆ. ಸುಡು ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನದ ಹೊತ್ತು ನೆರಳು ಬಲೆ ಕಟ್ಟಿ. ಹವೆ ತಂಪಾದ ಮೇಲೆ ಬರುವ ಹೂಗೊಂಚಲು ನಿಲ್ಲುತ್ತದೆ, ಗಿಡ ಕೀಳಬೇಡಿ.

ಮೂರನೆಯದನ್ನು ನೀವೇ ಇವತ್ತು ಮಾಡಿ ನೋಡಬಹುದು. ಟೊಮೆಟೊ ಹೂವಿನಲ್ಲಿ ಗಂಡು, ಹೆಣ್ಣು ಎರಡೂ ಭಾಗ ಒಂದೇ ಕಡೆ ಇವೆ. ಬೇರೆ ಗಿಡದ ಪರಾಗ ಬೇಕಿಲ್ಲ. ಆದರೆ ಪರಾಗ ಇರುವುದು ಹಳದಿ ಕೊಳವೆಯಂಥ ಭಾಗದ ಒಳಗೆ. ಹೂ ಅಲುಗಾಡಿದರೆ ಮಾತ್ರ ಅದು ಕೆಳಗೆ ಉದುರುತ್ತದೆ. ಬಯಲಿನಲ್ಲಿ ಗಾಳಿ ಈ ಕೆಲಸ ಮಾಡುತ್ತದೆ. ದೊಡ್ಡ ದುಂಬಿಗಳು ಹೂವಿಗೆ ಜೋತುಬಿದ್ದು ‘ಗುಂಯ್’ ಎಂದು ಮೈ ನಡುಗಿಸಿ ಇನ್ನೂ ಚೆನ್ನಾಗಿ ಮಾಡುತ್ತವೆ. ಜೇನುನೊಣಕ್ಕೆ ಹಾಗೆ ನಡುಗಿಸಲು ಬರುವುದಿಲ್ಲ. ಮೂರು ಕಡೆ ಗೋಡೆ ಇರುವ ಬಾಲ್ಕನಿಯಲ್ಲಿ ಗಾಳಿಯೂ ಕಡಿಮೆ, ದುಂಬಿಯೂ ಕಡಿಮೆ. ಹಾಗಾಗಿ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದೊಳಗೆ, ಇಬ್ಬನಿ ಆರಿದ ಮೇಲೆ, ಹೂಗೊಂಚಲಿನ ಹಿಂಭಾಗಕ್ಕೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಬ್ಯಾಟರಿ ಹಲ್ಲುಜ್ಜುವ ಬ್ರಷ್ ಇದ್ದರೆ ಅದರ ಹಿಂಬದಿಯನ್ನು ತೊಟ್ಟಿಗೆ ತಾಗಿಸಬಹುದು. ಕೆಳಗೆ ಕಪ್ಪು ಕಾಗದ ಹಿಡಿದರೆ ಪರಾಗ ಬೀಳುವುದು ಕಣ್ಣಿಗೇ ಕಾಣುತ್ತದೆ. ನಾನಂತೂ ದಿನಾ ಗಿಡ ಕಟ್ಟಿದ ಕೋಲನ್ನು ಒಮ್ಮೆ ತಟ್ಟಿಯೇ ಮುಂದೆ ಹೋಗುವುದು.

ಪ್ರಶ್ನೆ: ಕಾಯಿ ಚೆನ್ನಾಗಿ ಬಂದಿದ್ದವು. ಈಗ ಒಂದೊಂದರ ತಳವೂ ಕಪ್ಪಾಗಿ, ಚಪ್ಪಟೆಯಾಗಿ, ಚರ್ಮದಂತೆ ಆಗುತ್ತಿದೆ. ಸುಣ್ಣದ ಅಂಶ ಸಾಲದು ಎಂದರು. ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕುತ್ತಲೇ ಇದ್ದೇನೆ, ಏನೂ ಪ್ರಯೋಜನವಿಲ್ಲ.

ಉತ್ತರ: ನಿಮಗೆ ಹೇಳಿದವರು ಅರ್ಧ ಸರಿ ಹೇಳಿದ್ದಾರೆ. ಕಾಯಿಗೆ ಕ್ಯಾಲ್ಸಿಯಂ ಸಾಲದೇ ಹೀಗಾಗುತ್ತದೆ, ನಿಜ. ಇದು ಸೋಂಕಲ್ಲ, ಆದ್ದರಿಂದ ಔಷಧಿ ಸಿಂಪಡಿಸಿ ಉಪಯೋಗವಿಲ್ಲ. ಆದರೆ ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಅನ್ನುವುದು ಅಪರೂಪ. ಮಣ್ಣಿನಲ್ಲಿದ್ದರೂ ಕಾಯಿಗೆ ತಲುಪುತ್ತಿಲ್ಲ, ಅಷ್ಟೇ.

ಯಾಕೆ ತಲುಪುವುದಿಲ್ಲ? ಕ್ಯಾಲ್ಸಿಯಂ ಬೇರಿನಿಂದ ನೀರಿನ ಜೊತೆಯಲ್ಲೇ ಮೇಲೇರುತ್ತದೆ. ನೀರು ಎಲ್ಲಿ ಹೆಚ್ಚು ಆವಿಯಾಗುತ್ತದೋ ಅಲ್ಲಿಗೆ ಹೋಗುತ್ತದೆ. ಎಲೆಯಿಂದ ಬಹಳ ಆವಿಯಾಗುತ್ತದೆ, ನುಣುಪು ಸಿಪ್ಪೆಯ ಕಾಯಿಯಿಂದ ಬಹಳ ಕಡಿಮೆ. ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ವಾಪಸು ಕಾಯಿಗೆ ಬರುವುದೂ ಇಲ್ಲ. ಹೀಗಿರುವಾಗ ಎರಡು ದಿನ ಮಣ್ಣು ಒಣಗಿ ಮೂರನೇ ದಿನ ಕುಂಡ ತುಂಬ ನೀರು ಸುರಿದರೆ, ಆ ಒಣಗಿದ ಎರಡು ದಿನ ಕಾಯಿಗೆ ಏನೂ ಸಿಕ್ಕಿರುವುದಿಲ್ಲ. ಬೇಗ ಬೇಗ ದಪ್ಪವಾಗುತ್ತಿರುವ ಎಳೆ ಕಾಯಿಯ ತುದಿ, ತೊಟ್ಟಿನಿಂದ ದೂರದಲ್ಲಿರುವ ಭಾಗ, ಮೊದಲು ಸಾಯುತ್ತದೆ. ಮೊಟ್ಟೆ ಚಿಪ್ಪು ಮಣ್ಣಿನಲ್ಲಿ ಕರಗಲು ಬಹಳ ಕಾಲ ಬೇಕು. ಈ ಬೆಳೆಗೆ ಅದು ಒದಗುವುದಿಲ್ಲ.

ನಿಮ್ಮ ಕುಂಡದ ಅಳತೆ ಬರೆದಿಲ್ಲ. ಸಣ್ಣದಿರಬೇಕು ಎಂದು ನನ್ನ ಅನುಮಾನ. ಒಂದು ಗಿಡಕ್ಕೆ ಸುಮಾರು 20 ಲೀಟರ್ ಮಣ್ಣು ಹಿಡಿಯುವ ಪಾತ್ರೆ ಬೇಕು. ಪೇಂಟ್ ಬಕೆಟ್ ಆದರೂ ಸರಿ, ತಳದಲ್ಲಿ ತೂತಿರಲಿ. ಮಣ್ಣಿನ ಮೇಲೆ ಎರಡು ಮೂರು ಇಂಚು ತರಗೆಲೆ ಅಥವಾ ಒಣಹುಲ್ಲು ಹೊದಿಸಿ. ಬೆರಳನ್ನು ಎರಡು ಗೆಣ್ಣಿನಷ್ಟು ಒಳಗೆ ಇಳಿಸಿ ನೋಡಿ, ಒಣಗಿದ್ದರೆ ನೀರು ಹಾಕಿ, ತಳದ ತೂತಿನಿಂದ ಸ್ವಲ್ಪ ಹೊರಬರುವ ತನಕ ಹಾಕಿ. ತಣ್ಣಗಿದ್ದರೆ ಬಿಡಿ. ಕಪ್ಪಾದ ಕಾಯಿ ಸರಿಹೋಗುವುದಿಲ್ಲ, ಕಿತ್ತುಬಿಡಿ. ನೀರು ಒಂದು ಹದಕ್ಕೆ ಬಂದ ಮೇಲೆ ಕಚ್ಚುವ ಕಾಯಿಗಳನ್ನು ನೋಡಿ ಮತ್ತೆ ನನಗೆ ಬರೆಯಿರಿ.

ಪ್ರಶ್ನೆ: ಬೆಳಿಗ್ಗೆ ಚೆನ್ನಾಗಿದ್ದ ಗಿಡ ಮಧ್ಯಾಹ್ನ ಪೂರ್ತಿ ಜೋತುಬಿತ್ತು. ಎಲೆ ಹಳದಿ ಆಗಲೇ ಇಲ್ಲ, ಹಸಿರಾಗಿಯೇ ಬಾಡಿತು. ನೀರು ಹಾಕಿದರೂ ಏಳಲಿಲ್ಲ. ಈಗ ಪಕ್ಕದ ಗಿಡವೂ ಹಾಗೇ ಆಗುತ್ತಿದೆ.

ಉತ್ತರ: ಈ ಪತ್ರ ಓದಿ ನಿಜವಾಗಿ ಬೇಜಾರಾಯಿತು. ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗದ ಹಾಗೆ ಕಾಣುತ್ತದೆ. ಖಚಿತ ಮಾಡಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಬಾಡಿದ ಗಿಡದ ಕಾಂಡವನ್ನು ನೆಲದ ಹತ್ತಿರ ಕತ್ತರಿಸಿ. ಬೆರಳುದ್ದದ ತುಂಡನ್ನು ಗಾಜಿನ ಲೋಟದ ತಿಳಿನೀರಿನಲ್ಲಿ, ಕತ್ತರಿಸಿದ ತುದಿ ಮಾತ್ರ ಮುಳುಗುವಂತೆ ಹಿಡಿಯಿರಿ. ಅಲುಗಾಡಿಸಬೇಡಿ. ಕೆಲವೇ ನಿಮಿಷಗಳಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ಕೆಳಗಿಳಿದರೆ ಅದೇ ರೋಗ. ಕಾಂಡದ ಕೊಳವೆಗಳಲ್ಲಿ ದುಂಡಾಣು ತುಂಬಿ ನೀರು ಮೇಲೇರದಂತೆ ಆಗಿದೆ.

ಇದಕ್ಕೆ ಮದ್ದಿಲ್ಲ. ಯಾರಾದರೂ ಏನಾದರೂ ಮಾರಲು ಬಂದರೆ ಕೊಳ್ಳಬೇಡಿ. ಬಾಡಿದ ಗಿಡವನ್ನು ಬೇರಿನ ಸಮೇತ ತೆಗೆಯಿರಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಮಣ್ಣನ್ನು ಬೇರೆ ಕುಂಡಕ್ಕೆ ಸೇರಿಸಬೇಡಿ. ಕತ್ತರಿ, ಸಲಿಕೆ ತೊಳೆದಿಡಿ. ನೆಲದಲ್ಲಿ ಬೆಳೆಸುತ್ತಿದ್ದರೆ ಅದೇ ಜಾಗದಲ್ಲಿ ಮುಂದಿನ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಬೇಡ. ಎಲ್ಲ ಒಂದೇ ಕುಟುಂಬದವು, ರೋಗವೂ ಒಂದೇ. ಜೋಳ, ಹುರುಳಿಕಾಯಿ ಹಾಕಿ. ಕುಂಡವಾದರೆ ಸುಲಭ, ಹೊಸ ಮಣ್ಣಿನಲ್ಲಿ ಸಸಿ ನೆಡಿ. ರೋಗ ತಡೆಯುವ ತಳಿ ಎಂದು ಪೊಟ್ಟಣದ ಮೇಲೆ ಬರೆದಿರುತ್ತದೆ, ಈ ರೋಗದ ಹೆಸರು ಇದೆಯೇ ಎಂದು ಓದಿ ಕೊಳ್ಳಿ.

ಪ್ರಶ್ನೆ: ಎಲೆಗಳು ಮೇಲ್ಮುಖವಾಗಿ ಮುದುರಿ, ಚಿಕ್ಕದಾಗಿ, ಅಂಚು ಹಳದಿ ಆಗಿವೆ. ಗಿಡ ಬೆಳೆಯುತ್ತಿಲ್ಲ. ಅಲುಗಾಡಿಸಿದರೆ ಬಿಳಿ ಹುಳ ಹಾರುತ್ತವೆ. ಬೇವಿನ ಎಣ್ಣೆ ಹೊಡೆದರೆ ಎಲೆ ಸರಿಹೋಗುತ್ತದೆಯೇ?

ಉತ್ತರ: ಮುದುರಿದ ಎಲೆ ಸರಿಹೋಗುವುದಿಲ್ಲ. ಅದು ವೈರಸ್. ಬಿಳಿನೊಣ ಹೀರುವಾಗ ಒಂದು ಗಿಡದಿಂದ ಇನ್ನೊಂದಕ್ಕೆ ದಾಟಿಸುತ್ತದೆ. ಆ ಗಿಡವನ್ನು ಒಂದು ಚೀಲದಲ್ಲಿ ಮುಚ್ಚಿ ಕಿತ್ತು ತೆಗೆಯಿರಿ. ಹಾಗೇ ಕಿತ್ತರೆ ನೊಣವೆಲ್ಲ ಪಕ್ಕದ ಗಿಡಕ್ಕೆ ಹಾರುತ್ತದೆ.

ಉಳಿದ ಗಿಡಗಳಿಗೆ ಬೇವಿನ ಎಣ್ಣೆ ಸರಿ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, ಬೆರೆಯಲು ಒಂದೆರಡು ಹನಿ ಸೋಪು ದ್ರಾವಣ. ಸಂಜೆ ಹೊತ್ತು, ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಿ, ವಾರಕ್ಕೊಮ್ಮೆ. ನೊಣ ಕೂರುವುದೂ ಮೊಟ್ಟೆ ಇಡುವುದೂ ಅಡಿಭಾಗದಲ್ಲೇ. ಮೇಲಿನಿಂದ ಸುಮ್ನೆ ಚಿಮುಕಿಸಿದರೆ ಎಣ್ಣೆ ದಂಡ. ಹಳದಿ ಅಂಟು ಹಾಳೆ ಗಿಡದ ಎತ್ತರಕ್ಕೆ ನೇತುಹಾಕಿದರೆ ನೊಣ ಬಂದದ್ದು ಬೇಗ ತಿಳಿಯುತ್ತದೆ. ಅದಕ್ಕಿಂತ ಮುಖ್ಯ ಸಸಿಯ ವಯಸ್ಸಿನಲ್ಲಿ ಕಾಪಾಡುವುದು. ಎಳೆಯದರಲ್ಲಿ ಈ ರೋಗ ಬಂದರೆ ಗಿಡ ಏನೂ ಕೊಡುವುದಿಲ್ಲ. ಸಸಿ ಟ್ರೇಗೆ ತೆಳು ಬಲೆ ಹೊದಿಸಿ ಬೆಳೆಸಿ.

ಎಲೆ ಮುದುರಿದ್ದೆಲ್ಲ ವೈರಸ್ ಅಂತಲ್ಲ, ಇದನ್ನೂ ಹೇಳಬೇಕು. ಬಿಸಿಲಿಗೆ ಕೆಳಗಿನ ಎಲೆಗಳು ಉದ್ದಕ್ಕೆ ಸುರುಳಿಯಾಗಿ, ಬಣ್ಣ ಹಸಿರಾಗೇ ಇದ್ದು, ಮೇಲಿನ ಚಿಗುರು ಚೆನ್ನಾಗಿದ್ದರೆ ಗಾಬರಿ ಬೇಡ. ಚಿಗುರು ನೋಡಿ ತೀರ್ಮಾನ ಮಾಡಿ.

ಪ್ರಶ್ನೆ: ಎಲೆಗೂ ಕಾಂಡಕ್ಕೂ ನಡುವಿನ ಕಂಕುಳಲ್ಲಿ ಬರುವ ಚಿಗುರು ಚಿವುಟಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಬಳ್ಳಿಯಂತೆ ಬೆಳೆಯುತ್ತಲೇ ಹೋಗುವ ತಳಿಯಾದರೆ ಚಿವುಟಿ, ಒಂದೆರಡು ಕಾಂಡ ಮಾತ್ರ ಬಿಡಿ. ಕುಳ್ಳಗೆ ಪೊದೆಯಾಗುವ ತಳಿಯಾದರೆ ಬೇಡ, ಕಾಯಿ ಬರುವುದೇ ಆ ಕೊಂಬೆಗಳಲ್ಲಿ. ಇಬ್ಬರೂ ಸರಿಯೇ, ಅವರವರ ಗಿಡ ಬೇರೆ ಇರಬೇಕು. ಚಿವುಟಿದ ಚಿಗುರು ಗೇಣುದ್ದ ಇದ್ದರೆ ಒದ್ದೆ ಮಣ್ಣಿಗೆ ಊರಿ, ನೆರಳಲ್ಲಿಡಿ. ಟೊಮೆಟೊ ಕಾಂಡದಲ್ಲಿ ಎಲ್ಲಿ ಬೇಕಾದರೂ ಬೇರು ಹೊರಡುತ್ತದೆ. ಸಸಿಯನ್ನು ಮೊದಲ ಎಲೆಗಳ ತನಕ ಆಳವಾಗಿ ನೆಡಿ ಎಂದು ನಾನು ಪ್ರತಿಸಲ ಹೇಳುವುದು ಇದಕ್ಕೇ.

ಪ್ರಶ್ನೆ: ಹಣ್ಣು ಕೆಂಪಾಗುವುದೇ ಇಲ್ಲ. ಹಳದಿ ಮಿಶ್ರಿತ ಕಿತ್ತಳೆಯಲ್ಲೇ ನಿಲ್ಲುತ್ತದೆ. ಗಿಡದಲ್ಲೇ ಬಿಟ್ಟರೆ ಅಳಿಲು ತಿನ್ನುತ್ತದೆ.

ಉತ್ತರ: ಕೆಂಪು ಬಣ್ಣ ಕೊಡುವ ಲೈಕೋಪಿನ್ ಚೆನ್ನಾಗಿ ಹುಟ್ಟುವುದು 20ರಿಂದ 25 ಡಿಗ್ರಿಯಲ್ಲಿ. 30 ದಾಟಿದರೆ ಅದು ಕುಂಠಿತವಾಗುತ್ತದೆ, ಹಳದಿ ಬಣ್ಣ ಮಾತ್ರ ಬರುತ್ತದೆ. ಹಣ್ಣಿನ ತುದಿಯಲ್ಲಿ ತುಸು ಗುಲಾಬಿ ಛಾಯೆ ಕಂಡ ಕೂಡಲೇ ಕಿತ್ತು ಮನೆಯೊಳಗೆ ತಂಪಾದ ಜಾಗದಲ್ಲಿ, ತೊಟ್ಟು ಕೆಳಗೆ ಮಾಡಿ ಇಡಿ. ಬಿಸಿಲು ಬೇಕಿಲ್ಲ. ಫ್ರಿಜ್ ಬೇಡ, ರುಚಿ ಹೋಗುತ್ತದೆ. ಆ ಹಂತ ತಲುಪಿದ ಹಣ್ಣು ಒಳಗೇ ಪೂರ್ತಿ ಕೆಂಪಾಗುತ್ತದೆ, ಅಳಿಲಿಗೂ ಸಿಗುವುದಿಲ್ಲ.