ಓದುಗರ ಪ್ರಶ್ನೆ, ನಮ್ಮ ಉತ್ತರ: ಬೇಸ್‌ಬಾಲ್ ಕಾರ್ಡೊಂದಕ್ಕೆ ನೂರು ಕೋಟಿ ಏಕೆ?

ಪ್ರಶ್ನೆ: ಮಾನ್ಯರೆ, ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ಮಗಳು ಮತ್ತು ಅಳಿಯಂದಿರು ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದ್ದಾರೆ. ಕಳೆದ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗಿದ್ದಾಗ ಅಳಿಯಂದಿರು ಗಟ್ಟಿ ಪ್ಲಾಸ್ಟಿಕ್ ಕವಚದೊಳಗೆ ಭದ್ರವಾಗಿಟ್ಟಿದ್ದ 1956ರ ಒಂದು ಬೇಸ್‌ಬಾಲ್ ಕಾರ್ಡನ್ನು ತೋರಿಸಿ, ಅದಕ್ಕೆ ನಮ್ಮಲ್ಲಿಯ ಒಂದು ಸಣ್ಣ ಕಾರಿನಷ್ಟು ಹಣ ಕೊಟ್ಟಿರುವುದಾಗಿ ಹೇಳಿದರು. ಅದೇ ಆಟಗಾರನ, ಅದೇ ವರ್ಷದ, ಮೂಲೆ ಸವೆದ ಕಾರ್ಡು ಬೇಕಿದ್ದರೆ ಅದರ ಹತ್ತನೆಯ ಒಂದು ಭಾಗದ ಹಣವೂ ಬೇಡವಂತೆ. ಚಿತ್ರ ಒಂದೇ, ಅಚ್ಚಾದ ವರ್ಷ ಒಂದೇ. ಬೆಲೆಯಲ್ಲಿ ಇಷ್ಟು ಅಂತರವೇಕೆ? ಕೆಲವು ಕಾರ್ಡುಗಳು ಹರಾಜಿನಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಹೋಗುವುದು ನಿಜವೇ?
— ಒಬ್ಬ ಓದುಗರು, ದಾವಣಗೆರೆ

ಉತ್ತರ: ನಿಜ. ಬೇಸ್‌ಬಾಲ್ ಕಾರ್ಡುಗಳೆಂದರೆ ಆಟಗಾರರ ಚಿತ್ರ ಅಚ್ಚಾದ ಸಣ್ಣ ರಟ್ಟಿನ ಚೀಟಿಗಳು. 2022ರ ಆಗಸ್ಟ್‌ನಲ್ಲಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ, ನ್ಯೂಯಾರ್ಕ್ ಯಾಂಕೀಸ್ ತಂಡದ ಮಿಕ್ಕಿ ಮ್ಯಾಂಟಲ್ ಅವರ ಚಿತ್ರವಿರುವ ಟಾಪ್ಸ್ ಕಂಪನಿಯ 1952ರ ಕಾರ್ಡೊಂದು 1 ಕೋಟಿ 26 ಲಕ್ಷ ಡಾಲರಿಗೆ ಮಾರಾಟವಾಯಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 100 ಕೋಟಿ ರೂಪಾಯಿ. ಆ ಕಾರ್ಡಿನ ಮಾಲೀಕರು 1991ರಲ್ಲಿ ಅದಕ್ಕೆ ಕೊಟ್ಟಿದ್ದು 50,000 ಡಾಲರ್. 31 ವರ್ಷಗಳಲ್ಲಿ ಬೆಲೆ ಸುಮಾರು 250 ಪಟ್ಟು ಏರಿತು.

ಬೆಲೆಯ ಅಂತರದ ಕಾರಣ ತಿಳಿಯಬೇಕಾದರೆ, ಈ ಕಾರ್ಡುಗಳು ಹೆಚ್ಚಾಗಿ ಮಕ್ಕಳ ಕೈಯಲ್ಲೇ ಆಡಿದವು ಎಂಬುದನ್ನು ಮೊದಲು ನೆನೆಯಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅವು ಸಿಗರೇಟು ಪೊಟ್ಟಣಗಳಲ್ಲಿ ಬರುತ್ತಿದ್ದವು. ಆಮೇಲೆ ಚೂಯಿಂಗ್ ಗಮ್ ಪೊಟ್ಟಣಗಳಲ್ಲಿ ಬರತೊಡಗಿದವು. ಅಮೆರಿಕದ ಹುಡುಗರು ಅವನ್ನು ಗೋಡೆಗೆ ಎಸೆದು ಪಂದ್ಯ ಕಟ್ಟಿದರು, ರಬ್ಬರ್ ಬ್ಯಾಂಡ್ ಹಾಕಿ ಜೇಬಿನಲ್ಲಿಟ್ಟುಕೊಂಡು ತಿರುಗಿದರು, ಟರಟರ ಸದ್ದು ಬರಲೆಂದು ಸೈಕಲ್ ಚಕ್ರದ ಕಡ್ಡಿಗಳಿಗೆ ಸಿಕ್ಕಿಸಿದರು. ಹುಡುಗ ಕಾಲೇಜಿಗೋ ಸೈನ್ಯಕ್ಕೋ ಹೋದ ಮೇಲೆ ತಾಯಿ ಕೋಣೆ ಗುಡಿಸುವಾಗ ಉಳಿದದ್ದೂ ಕಸಕ್ಕೆ ಹೋಯಿತು. ನಮ್ಮಲ್ಲಿ ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಟ್ಟು ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಲಕ್ಷಗಟ್ಟಲೆ ಕಾರ್ಡುಗಳು ಸವೆದುಹೋದ ಕಾಲದಲ್ಲಿ, ನಾಲ್ಕೂ ಮೂಲೆ ಚೂಪಾಗಿ, ಮೈ ಮೇಲೆ ಗೆರೆಯಿಲ್ಲದೆ, ಬಣ್ಣ ಮಾಸದೆ ಉಳಿದ ಪ್ರತಿಗಳು ಬೆರಳೆಣಿಕೆಯವು. ಅಳಿಯಂದಿರು ಹೆಚ್ಚಿನ ಹಣ ಕೊಟ್ಟಿರುವುದು ಹಾಗೆ ಉಳಿದು ಬಂದ ಅದೃಷ್ಟಕ್ಕೆ. ಅಂಚೆಚೀಟಿ ಸಂಗ್ರಹಿಸುವವರಿಗೂ ಇದು ಹೊಸದಲ್ಲ. ಹಿಂಬದಿಯ ಅಂಟು ಕೆಡದ ಹಳೆಯ ಚೀಟಿಗೂ ಆಲ್ಬಮ್ಮಿಗೆ ಅಂಟಿಸಿ ತೆಗೆದ ಅದೇ ಚೀಟಿಗೂ ಬೆಲೆ ಒಂದೇ ಆಗಿರುವುದಿಲ್ಲ.

ಮ್ಯಾಂಟಲ್ ಕಾರ್ಡಿನ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1951ರ ಕೊನೆಯ ಭಾಗದಲ್ಲಿ ಟಾಪ್ಸ್ ಕಂಪನಿಯ ಸೈ ಬರ್ಗರ್ ಅವರು ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಮನೆ ಮೇಜಿನ ಮೇಲೆ ಕುಳಿತು, ಸಹೋದ್ಯೋಗಿಯೊಬ್ಬರ ಜೊತೆ 1952ರ ಕಾರ್ಡುಗಳ ವಿನ್ಯಾಸ ಮಾಡಿದರು. ಒಟ್ಟು 407 ಕಾರ್ಡುಗಳ ಆ ಮಾಲೆಯನ್ನು ಕಂತುಕಂತಾಗಿ ಮಾರುಕಟ್ಟೆಗೆ ಬಿಟ್ಟರು. 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿಗೆ ಬರುವ ಹೊತ್ತಿಗೆ ಬೇಸ್‌ಬಾಲ್ ಋತು ಮುಗಿಯುತ್ತ ಬಂದಿತ್ತು. ಹುಡುಗರ ಮನಸ್ಸು ಅಮೆರಿಕನ್ ಫುಟ್‌ಬಾಲ್‌ನತ್ತ ತಿರುಗಿತ್ತು. ಮಾರಾಟವಾಗದ ಪೆಟ್ಟಿಗೆಗಳು ವರ್ಷಗಟ್ಟಲೆ ಗೋದಾಮಿನಲ್ಲಿ ಬಿದ್ದಿದ್ದವು. ಜಾಗ ತೆರವು ಮಾಡಲೆಂದು 1960ರ ಸುಮಾರಿಗೆ ಅವನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಮುದ್ರದಲ್ಲಿ ಸುರಿಸಿದೆನೆಂದು ಬರ್ಗರ್ ಅವರೇ ಮುಂದೆ ಹೇಳಿದ್ದುಂಟು. ಮ್ಯಾಂಟಲ್ ಅವರ 311ನೆಯ ಕಾರ್ಡು ಇದೇ ಕಂತಿನದು.

1980ರ ದಶಕದ ನಡುವಿನಲ್ಲಿ ಆಲ್ ರೋಸನ್ ಎಂಬ ವ್ಯಾಪಾರಿಗೆ ಮ್ಯಾಸಚೂಸೆಟ್ಸ್‌ನ ಮನೆಯೊಂದರಲ್ಲಿ ಇದೇ 1952ರ ಮಾಲೆಯ ಸಾವಿರಾರು ಕಾರ್ಡುಗಳು ಕೈಯಾಡದ ಸ್ಥಿತಿಯಲ್ಲಿ ಸಿಕ್ಕವು. ನೂರು ಕೋಟಿಯ ಕಾರ್ಡು ಆ ರಾಶಿಯಿಂದ ಬಂದದ್ದೇ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ: ಮ್ಯಾಂಟಲ್ ಕಾರ್ಡು ತನ್ನ ಕಂತಿನಲ್ಲಿ ಅತಿ ವಿರಳವಾದುದೇನೂ ಅಲ್ಲ. ಮುದ್ರಣದ ಹಾಳೆಯಲ್ಲಿ ಅದು ಎರಡು ಸಲ ಅಚ್ಚಾಗಿದ್ದರಿಂದ, ನೆರೆಯ ಸಂಖ್ಯೆಗಳ ಅನೇಕ ಕಾರ್ಡುಗಳಿಗಿಂತ ಹೆಚ್ಚು ಪ್ರತಿಗಳು ಹೊರಬಂದವು. ಮ್ಯಾಂಟಲ್ ಅವರ ಮೊದಲ ಕಾರ್ಡು ಕೂಡ ಅದಲ್ಲ. ಅದಕ್ಕಿಂತ ಒಂದು ವರ್ಷ ಮೊದಲೇ ಬೋಮನ್ ಕಂಪನಿಯ ಕಾರ್ಡೊಂದು ಬಂದಿತ್ತು. ಮೂಲೆ ಮುರಿದ, ಮಡಿಕೆ ಬಿದ್ದ 1952ರ ಮ್ಯಾಂಟಲ್ ಇಂದಿಗೂ ಹರಾಜುಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಸಿಗದಿರುವುದು ಚೊಕ್ಕವಾದ ಪ್ರತಿ. ಕಾರ್ಡುಗಳ ಸ್ಥಿತಿಯನ್ನು ಪರೀಕ್ಷಿಸಿ 1ರಿಂದ 10ರೊಳಗೆ ದರ್ಜೆ ಕೊಡುವ ಪಿಎಸ್‌ಎ ಎಂಬ ಸಂಸ್ಥೆ ಅದರ ಮೂರೇ ಮೂರು ಪ್ರತಿಗಳಿಗೆ 10ರ ದರ್ಜೆ ಕೊಟ್ಟಿದೆ. ನೂರು ಕೋಟಿಗೆ ಹೋದ ಪ್ರತಿಗೆ ಎಸ್‌ಜಿಸಿ ಎಂಬ ಇನ್ನೊಂದು ಸಂಸ್ಥೆ ಕೊಟ್ಟದ್ದು 9.5.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಹೋನಸ್ ವ್ಯಾಗ್ನರ್ ಕಾರ್ಡು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಹೊರತಂದ ಮಾಲೆಯಲ್ಲಿ, ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಈ ಆಟಗಾರ ತನ್ನ ಚಿತ್ರ ಬಳಸಲು ಒಪ್ಪದಿದ್ದುದರಿಂದ ಮುದ್ರಣ ಬೇಗನೆ ನಿಂತಿತು. ಇಂದು ತಿಳಿದಿರುವ ಪ್ರತಿಗಳು ಅರವತ್ತರ ಆಸುಪಾಸು. ಮಕ್ಕಳು ತಂಬಾಕು ಕೊಳ್ಳುವುದು ಅವರಿಗೆ ಇಷ್ಟವಿರಲಿಲ್ಲವೆಂದು ಕೆಲವರೂ ಹಣದ ವಿಷಯದಲ್ಲಿ ಒಮ್ಮತವಾಗಲಿಲ್ಲವೆಂದು ಕೆಲವರೂ ಹೇಳುತ್ತಾರೆ. 2022ರಲ್ಲಿ ಈ ಕಾರ್ಡಿನ ಒಂದು ಪ್ರತಿ 72.5 ಲಕ್ಷ ಡಾಲರಿಗೆ ಖಾಸಗಿಯಾಗಿ ಮಾರಾಟವಾಯಿತು. ಅದರ ದರ್ಜೆ ಬರೀ 2. ಕಾರ್ಡು ತೀರ ವಿರಳವಾದಾಗ ಸವೆತವನ್ನು ಕೊಳ್ಳುವವರು ಕ್ಷಮಿಸುತ್ತಾರೆ, ಸಾಕಷ್ಟು ಸಿಗುವಾಗ ಕೂದಲೆಳೆಯಷ್ಟು ದೋಷವನ್ನೂ ಕ್ಷಮಿಸುವುದಿಲ್ಲ. ನಿಮ್ಮ ಅಳಿಯಂದಿರ 1956ರ ಕಾರ್ಡು ಎರಡನೆಯ ಬಗೆಗೆ ಸೇರಿದ್ದು.

ಇತ್ತೀಚಿನ ಏರಿಕೆಗೆ ಕೊರೊನಾ ಕಾಲವೂ ಕಾರಣ. 2018ರಲ್ಲಿ 9ರ ದರ್ಜೆಯ ಮ್ಯಾಂಟಲ್ 28.8 ಲಕ್ಷ ಡಾಲರಿಗೆ ಹೋಗಿತ್ತು. 2021ರ ಜನವರಿಯಲ್ಲಿ ಅದೇ ದರ್ಜೆಯ ಮತ್ತೊಂದು ಪ್ರತಿಗೆ 52 ಲಕ್ಷ ಡಾಲರ್ ಬಂದಿತು. ಮನೆಯಲ್ಲೇ ಉಳಿದ ಜನ ಅಟ್ಟದ ಪೆಟ್ಟಿಗೆಗಳನ್ನು ಬಿಚ್ಚಿದರು, ಆಟವಿಲ್ಲದ ಬಿಡುವಿನಲ್ಲಿ ಬಾಲ್ಯದ ಹವ್ಯಾಸಕ್ಕೆ ಮರಳಿದರು, ಷೇರು ಮತ್ತು ಕ್ರಿಪ್ಟೊದಲ್ಲಿ ಗಳಿಸಿದ ಕೆಲವರು ಕಾರ್ಡುಗಳನ್ನು ಹೂಡಿಕೆಯೆಂದು ಕೊಳ್ಳತೊಡಗಿದರು. ದರ್ಜೆಗೆಂದು ಬಂದ ಕಾರ್ಡುಗಳ ರಾಶಿ ನಿಭಾಯಿಸಲಾಗದೆ ಪಿಎಸ್‌ಎ ಸಂಸ್ಥೆ 2021ರ ಮಾರ್ಚ್‌ನಲ್ಲಿ ತನ್ನ ಹೆಚ್ಚಿನ ಸೇವೆಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಆ ಅಬ್ಬರ ಇಳಿದ ಮೇಲೆ ಅನೇಕ ಕಾರ್ಡುಗಳ ಬೆಲೆಯೂ ಇಳಿಯಿತು. ತುತ್ತತುದಿಯ ಹಳೆಯ ಕಾರ್ಡುಗಳು ಮಾತ್ರ ಹೆಚ್ಚು ಕುಸಿಯದೆ ನಿಂತವು.

ಪ್ರಶ್ನೆ: ಕಾರ್ಡಿನ ಬೆಲೆಯೆಲ್ಲ ಪ್ಲಾಸ್ಟಿಕ್ ಕವಚದ ಮೇಲಿರುವ ಅಂಕಿಯನ್ನೇ ಅವಲಂಬಿಸಿದೆ ಎಂದಾದರೆ, ಆ ಅಂಕಿಯನ್ನು ನಂಬುವುದು ಹೇಗೆ? ಅದರಲ್ಲಿ ಮೋಸ ನಡೆಯುವುದಿಲ್ಲವೇ?
— ಒಬ್ಬ ಓದುಗರು, ಮೈಸೂರು

ಉತ್ತರ: ನಡೆದಿದೆ, ಅದೂ ಎಲ್ಲಕ್ಕಿಂತ ಹೆಸರಾದ ಕಾರ್ಡಿನಲ್ಲೇ.

ಮೊದಲು ದರ್ಜೆಯ ಪದ್ಧತಿಯನ್ನು ಹೇಳುತ್ತೇನೆ. ಹಳೆಯ ನಾಣ್ಯಗಳಿಗೆ ದರ್ಜೆ ಕೊಡುವ ಸಂಸ್ಥೆಯನ್ನು 1980ರ ದಶಕದಲ್ಲಿ ಕಟ್ಟಿದವರೇ 1991ರಲ್ಲಿ ಅದೇ ಪದ್ಧತಿಯನ್ನು ಕಾರ್ಡುಗಳಿಗೂ ತಂದು ಪಿಎಸ್‌ಎ ಆರಂಭಿಸಿದರು. ಪರೀಕ್ಷಕರು ಭೂತಗನ್ನಡಿಯಲ್ಲಿ ಮೂಲೆ, ಅಂಚು, ಮೇಲ್ಮೈಗಳನ್ನು ನೋಡುತ್ತಾರೆ. ಚಿತ್ರದ ಸುತ್ತಲಿನ ಬಿಳಿಯ ಅಂಚು ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಸಮನಾಗಿದೆಯೇ ಎಂದು ಅಳೆಯುತ್ತಾರೆ. ಗಮ್‌ನ ಅಥವಾ ಮೇಣದ ಕಲೆ ಇದೆಯೇ, ಬಣ್ಣ ಬಳಿದಿದ್ದಾರೆಯೇ, ಅಂಚು ಕತ್ತರಿಸಿದ್ದಾರೆಯೇ ಎಂದು ಪರೀಕ್ಷಿಸಿ 1ರಿಂದ 10ರೊಳಗೆ ಒಂದು ಅಂಕಿ ಕೊಡುತ್ತಾರೆ. 8ಕ್ಕೂ 9ಕ್ಕೂ ನಡುವಿನ ವ್ಯತ್ಯಾಸ ಬರಿಗಣ್ಣಿಗೆ ಕಾಣದಿರಬಹುದು, ಆದರೆ ಬೆಲೆಯಲ್ಲಿ ಅದು ಹಲವು ಪಟ್ಟು ಆಗುತ್ತದೆ. ಇಷ್ಟು ದೊಡ್ಡ ಹಣ ಮನುಷ್ಯರ ತೀರ್ಮಾನದ ಇಷ್ಟು ಸಣ್ಣ ಅಂತರದ ಮೇಲೆ ನಿಂತಿರುವುದೇ ಕತ್ತರಿ ಹಿಡಿಯುವವರಿಗೆ ಆಮಿಷ.

ಪಿಎಸ್‌ಎ ದರ್ಜೆ ಕೊಟ್ಟ ಮೊಟ್ಟಮೊದಲ ಕಾರ್ಡು ವ್ಯಾಗ್ನರ್ ಅವರದು. ಕೊಟ್ಟ ದರ್ಜೆ 8. ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್‌ಸ್ಕಿ ಮತ್ತು ಅವರ ಪಾಲುದಾರ 1991ರಲ್ಲಿ ಸೋಥೆಬೀಸ್ ಹರಾಜಿನಲ್ಲಿ ಅದನ್ನು 4,51,000 ಡಾಲರಿಗೆ ಕೊಂಡಿದ್ದರಿಂದ ಅದಕ್ಕೆ ಗ್ರೆಟ್‌ಸ್ಕಿ ಅವರ ಹೆಸರೇ ಅಂಟಿಕೊಂಡಿದೆ. ಅದು ಕೈ ಬದಲಾಯಿಸುತ್ತ 2007ರಲ್ಲಿ 28 ಲಕ್ಷ ಡಾಲರಿಗೆ ಮುಟ್ಟಿತು. ಆ ಕಾರ್ಡನ್ನು ಮೊದಲು ಮಾರಿದ್ದ, ಆಮೇಲೆ ದೊಡ್ಡ ಹರಾಜು ಸಂಸ್ಥೆಯ ಒಡೆಯರಾದ ಬಿಲ್ ಮ್ಯಾಸ್ಟ್ರೊ ಅವರು, ತಾವು ಅದರ ಅಂಚನ್ನು ಕತ್ತರಿಸಿದ್ದಾಗಿ 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಸವೆದ ಅಂಚನ್ನು ಕತ್ತರಿಸಿದರೆ ಕಾರ್ಡು ಹೊಸದರಂತೆ ಕಾಣುತ್ತದೆ. ಅದು ಗೊತ್ತಾದ ಕಾರ್ಡಿಗೆ ನಿಯಮದ ಪ್ರಕಾರ ಅಂಕಿಯನ್ನೇ ಕೊಡಕೂಡದು. ತಮ್ಮ ಹರಾಜುಗಳಲ್ಲಿ ಸುಳ್ಳು ಕೂಗು ಹಾಕಿಸಿ ಬೆಲೆ ಏರಿಸಿದ್ದಕ್ಕಾಗಿ ಅವರಿಗೆ 2015ರಲ್ಲಿ 20 ತಿಂಗಳ ಸೆರೆವಾಸದ ಶಿಕ್ಷೆಯಾಯಿತು. 2019ರಲ್ಲಿ ಸಂಗ್ರಾಹಕರೇ ಹಳೆಯ ಹರಾಜುಗಳ ಚಿತ್ರಗಳನ್ನು ಹೊಸ ಹರಾಜುಗಳ ಚಿತ್ರಗಳ ಪಕ್ಕದಲ್ಲಿಟ್ಟು ಹೋಲಿಸಿ, ಕಡಿಮೆ ದರ್ಜೆಯ ಕಾರ್ಡುಗಳು ತಿದ್ದುಪಡಿಯ ನಂತರ ಹೆಚ್ಚಿನ ದರ್ಜೆ ಪಡೆದು ಬಂದ ಅನೇಕ ಪ್ರಕರಣಗಳನ್ನು ಬಯಲಿಗೆಳೆದರು. ಆ ಹವ್ಯಾಸಿಗಳ ತಾಳ್ಮೆಯ ಕೆಲಸವನ್ನು ನಾನು ತುಂಬ ಗೌರವಿಸುತ್ತೇನೆ. ದರ್ಜೆ ಕೊಟ್ಟವರು ಕಾಣದ್ದನ್ನು ಅವರು ಕಂಡರು.

ಆದ್ದರಿಂದ ಹಣ ಕೊಡುವ ಮೊದಲು ಕವಚದ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಂದಿಗೆ ತಾಳೆ ನೋಡಿ, ಅದೇ ಪ್ರತಿ ಹಿಂದೆ ಮಾರಾಟವಾದ ಚಿತ್ರಗಳು ಸಿಕ್ಕಿದರೆ ಅಂಚುಗಳನ್ನು ಹೋಲಿಸಬೇಕು. ಅಂಕಿ ಮುಚ್ಚಿ ಕಾರ್ಡನ್ನು ನೋಡುವ ಅಭ್ಯಾಸವೂ ಬೇಕು. ಒಂದೇ ದರ್ಜೆಯ ಎರಡು ಕಾರ್ಡುಗಳಲ್ಲಿ ಒಂದರ ಚಿತ್ರ ನಡುಮಧ್ಯೆ ಕುಳಿತಿರುತ್ತದೆ, ಇನ್ನೊಂದರದು ಪಕ್ಕಕ್ಕೆ ವಾಲಿರುತ್ತದೆ, ಅನುಭವಸ್ಥರು ಮೊದಲನೆಯದಕ್ಕೇ ಹೆಚ್ಚು ಕೊಡುತ್ತಾರೆ. ಪಿಎಸ್‌ಎಯನ್ನು ನಡೆಸುವ ಕಂಪನಿಯೇ 2024ರಲ್ಲಿ ಎಸ್‌ಜಿಸಿಯನ್ನೂ ಕೊಂಡಿದೆ. ಪೈಪೋಟಿ ಕಡಿಮೆಯಾದಾಗ ಎಚ್ಚರವೂ ಕಡಿಮೆಯಾದೀತೆಂಬ ಆತಂಕ ನನಗಿದೆ.

ಹರಾಜಿನ ಖರ್ಚನ್ನೂ ಮರೆಯಬಾರದು. ಮ್ಯಾಂಟಲ್ ಕಾರ್ಡಿಗೆ ಕೊನೆಯ ಕೂಗು ನಿಂತದ್ದು 1 ಕೋಟಿ 5 ಲಕ್ಷ ಡಾಲರಿಗೆ. ಉಳಿದದ್ದು ಕೊಂಡವರು ಹರಾಜು ಸಂಸ್ಥೆಗೆ ತೆರುವ ಶೇಕಡ 20ರ ಶುಲ್ಕ. ಸಂಗ್ರಹಯೋಗ್ಯ ವಸ್ತುಗಳನ್ನು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದಾಗ ಬರುವ ಲಾಭಕ್ಕೆ ಅಮೆರಿಕದಲ್ಲಿ ಶೇಕಡ 28ರವರೆಗೆ ತೆರಿಗೆಯೂ ಇದೆ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನೆರೆಮನೆಯವರು ಊರು ಬಿಡುವಾಗ 1988ರಿಂದ 1991ರವರೆಗಿನ ಮೂರು ಪೆಟ್ಟಿಗೆ ಬೇಸ್‌ಬಾಲ್ ಕಾರ್ಡುಗಳನ್ನು ನಮ್ಮ ಮಕ್ಕಳಿಗೆ ಕೊಟ್ಟು ಹೋದರು. ಎಲ್ಲವೂ ಹೊಸದರಂತಿವೆ. ಇವುಗಳನ್ನು ದರ್ಜೆಗೆ ಕಳುಹಿಸಬಹುದೇ?
— ಒಬ್ಬ ಓದುಗರು, ಎಡಿಸನ್

ಉತ್ತರ: ಬಹುತೇಕ ಕಳುಹಿಸುವ ಅಗತ್ಯವಿಲ್ಲ. ಹಳೆಯ ಕಾರ್ಡುಗಳು ಸಾವಿರಾರು ಡಾಲರಿಗೆ ಹೋಗುವ ಸುದ್ದಿ ಕೇಳಿದ ಮೇಲೆ, 1980ರ ದಶಕದ ಕೊನೆಯಲ್ಲಿ ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು, ಜನರೂ ಮುಂದೆ ಬೆಲೆ ಬರುತ್ತದೆಂದು ಪೆಟ್ಟಿಗೆಗಟ್ಟಲೆ ಕೊಂಡು ಮುಟ್ಟದೆ ಎತ್ತಿಟ್ಟರು. ಹೀಗಾಗಿ ಚೊಕ್ಕವಾದ ಪ್ರತಿಗಳೇ ರಾಶಿರಾಶಿ ಉಳಿದಿವೆ. ಆ ಕಾಲದ ಅತಿ ಹೆಸರಾದ, 1989ರ ಅಪ್ಪರ್ ಡೆಕ್ ಮಾಲೆಯ ಮೊದಲ ಸಂಖ್ಯೆಯ ಕೆನ್ ಗ್ರಿಫಿ ಜೂನಿಯರ್ ಕಾರ್ಡಿಗೆ 10ರ ದರ್ಜೆ ಪಡೆದ ಪ್ರತಿಗಳೇ ಸಾವಿರಾರು ಇವೆ. ಪೆಟ್ಟಿಗೆಯಲ್ಲಿ ಅದಿದೆಯೇ ನೋಡಿ. ಇದ್ದು, ಮೂಲೆಗಳು ಚೂಪಾಗಿದ್ದು, ಚಿತ್ರ ನಡುವೆ ಕುಳಿತಿದ್ದರೆ ಅದೊಂದನ್ನು ಕಳುಹಿಸುವ ಯೋಚನೆ ಮಾಡಬಹುದು. ಉಳಿದ ಕಾರ್ಡುಗಳಲ್ಲಿ ಹೆಚ್ಚಿನವುಗಳಿಗೆ ದರ್ಜೆಯ ಶುಲ್ಕವೇ ಕಾರ್ಡಿನ ಬೆಲೆಗಿಂತ ಹೆಚ್ಚಾಗುತ್ತದೆ.

ನಿಜವಾಗಿ ಹಳೆಯ ಮನೆಗಳ ಅಟ್ಟದಲ್ಲಿ ಏನು ಸಿಕ್ಕೀತೆಂಬುದಕ್ಕೆ ಒಹಾಯೊದ ಡಿಫೈಯನ್ಸ್ ಎಂಬ ಊರಿನ ಕಥೆಯಿದೆ. 2012ರಲ್ಲಿ ತಾತನ ಮನೆ ತೆರವು ಮಾಡುತ್ತಿದ್ದ ಮೊಮ್ಮಕ್ಕಳಿಗೆ ಅಟ್ಟದ ಮೇಲೆ ಧೂಳು ಹಿಡಿದ ರಟ್ಟಿನ ಪೆಟ್ಟಿಗೆಯೊಂದು ಸಿಕ್ಕಿತು. ಅದರೊಳಗೆ 1910ರ ಕಾಲದ ಸುಮಾರು 700 ಕಾರ್ಡುಗಳು, ಆ ಕಾಲದ ಹೆಸರಾಂತ ಆಟಗಾರರಾದ ಟೈ ಕಾಬ್, ಸೈ ಯಂಗ್, ಹೋನಸ್ ವ್ಯಾಗ್ನರ್ ಅವರ ಚಿತ್ರಗಳ ಸಹಿತ, ನೂರು ವರ್ಷ ಯಾರೂ ಮುಟ್ಟದಂತೆ ಕುಳಿತಿದ್ದವು. ಮೊದಲ ಕಂತಿನಲ್ಲಿ ಹರಾಜಿಗಿಟ್ಟ ಕೆಲವೇ ಡಜನ್ ಕಾರ್ಡುಗಳಿಗೆ 5 ಲಕ್ಷ ಡಾಲರಿಗೂ ಹೆಚ್ಚು ಹಣ ಬಂದಿತು. ನಿಮ್ಮ ಪೆಟ್ಟಿಗೆಗಳನ್ನು ಮಕ್ಕಳೇ ಬಿಚ್ಚಲಿ, ಆಟಗಾರರ ಅಂಕಿಅಂಶಗಳನ್ನು ಓದಲಿ, ಶಾಲೆಯ ಗೆಳೆಯರೊಂದಿಗೆ ಅದಲುಬದಲು ಮಾಡಿಕೊಳ್ಳಲಿ. ಮೂಲೆ ಸವೆದರೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ.